ಮೋಟ್ರು ಆನ್ ಆಯ್ತಾ?

ರಾತ್ರಿ ಹನ್ನೊಂದೂವರೆಗೆ ತ್ರೀ ಫೇಸ್ ಬಂತು. ಬೋರ್‌ವೆಲ್ ಇರೋದು ಮನೆಯಿಂದ ಒಂದು ಕಿಲೋಮೀಟರ್ ಆಚೆ. ದೊಡ್ಡಪ್ಪ ಎದ್ದು, ಟವೆಲ್ ಹೆಗಲಿಗೆ ಹಾಕ್ಕೊಂಡು, ಟಾರ್ಚ್ ಹಿಡಿದು ಹೊರಟ್ರು. ನಾವು ಮೂವರೂ ಹಿಂದೆ ಹೋದ್ವಿ. ಸ್ಟಾರ್ಟರ್ ಡಬ್ಬ ತೆಗೆದು ಹಸಿರು ಬಟನ್ ಒತ್ತಿದ್ರು, ಪೈಪಿನ ಬಾಯಿಗೆ ಟಾರ್ಚ್ ಬಿಟ್ಟು ನೀರು ಬರೋ ತನಕ ನಿಂತ್ರು, ವಾಪಸ್ ಬಂದು ಮಲಗಿದ್ರು. ಎರಡು ಗಂಟೆಗೆ ಮತ್ತೆ ಎದ್ದು ಹೋದ್ರು. ಮಧ್ಯೆ ಕರೆಂಟು ಒಂದು ನಿಮಿಷ ಹೋಗಿ ಬಂದಿತ್ತು. ಕರೆಂಟು ಬಂದ ಮಾತ್ರಕ್ಕೆ ಮೋಟ್ರು ತಾನಾಗಿ ಶುರುವಾಗಲ್ಲ, ಯಾರಾದ್ರೂ ಹೋಗಿ ಬಟನ್ ಒತ್ತಲೇಬೇಕು.

ಇದು ಶಿರಾ ತಾಲ್ಲೂಕು ಗೌಡಗೆರೆ ಹೋಬಳಿಯ ಮಾತು. ದೊಡ್ಡಪ್ಪ ನಮ್ಮ ಮೂವರಲ್ಲಿ ಒಬ್ಬನಿಗೆ ನಿಜವಾದ ದೊಡ್ಡಪ್ಪ, ಈಗ ಮೂವರಿಗೂ ದೊಡ್ಡಪ್ಪನೇ. ನಾಲ್ಕನೇ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿಗೆ ನಾವು ‘ಸ್ಮಾರ್ಟ್ ಹೋಮ್’ ಅಂತ ಬರೆದುಕೊಟ್ಟಿದ್ವಿ. ಆ ರಾತ್ರಿ ಆದ ಮೇಲೆ ಅದನ್ನ ಬಿಟ್ವಿ.

ಬಿಡೋಕೆ ಕಾರಣ ಇದೆ. ನಮ್ಮ ಪಿಜಿಯಲ್ಲಿ ಒಬ್ಬ ಸ್ಮಾರ್ಟ್ ಬಲ್ಬ್ ತಂದಿದ್ದಾನೆ. ಮಲಗಿದಲ್ಲಿಂದಲೇ ಫೋನಿನಲ್ಲಿ ಆಫ್ ಮಾಡ್ತಾನೆ. ಅವನು ಒತ್ತಿದ ಬಟನ್ನಿನ ಸುದ್ದಿ ರೂಟರ್‌ಗೆ ಹೋಗಿ, ಅಲ್ಲಿಂದ ಎಲ್ಲೋ ಇರೋ ಸರ್ವರ್‌ಗೆ ಹೋಗಿ, ಅದೇ ರೂಟರ್‌ಗೆ ವಾಪಸ್ ಬಂದು, ಕೊನೆಗೆ ಆರು ಅಡಿ ದೂರದ ಬಲ್ಬಿಗೆ ಮುಟ್ಟುತ್ತೆ. ನೆಟ್ ಹೋದ ದಿನ ಎದ್ದು ಗೋಡೆಯ ಸ್ವಿಚ್ಚನ್ನೇ ಒತ್ತುತ್ತಾನೆ, ಅವನಿಗೇನೂ ನಷ್ಟ ಇಲ್ಲ. ದೊಡ್ಡಪ್ಪನಿಗೆ ಆ ಸ್ವಿಚ್ಚು ಒಂದು ಕಿಲೋಮೀಟರ್ ಕತ್ತಲಲ್ಲಿದೆ. ದಾರಿಯಲ್ಲಿ ಹಾವು, ಒಂದೊಂದು ಸಲ ಕರಡಿ.

ಸಿಟಿಯಲ್ಲಿ ಬೆಳೆದವರಿಗೆ ಒಂದು ಮಾತು. ಕರ್ನಾಟಕದಲ್ಲಿ 10 ಎಚ್‌ಪಿ ತನಕದ ಪಂಪ್‌ಸೆಟ್‌ಗೆ ಕರೆಂಟು ಉಚಿತ, ಆದ್ರೆ ದಿನಕ್ಕೆ ಏಳು ಗಂಟೆ ಲೆಕ್ಕ, ಅದೂ ಪಾಳಿಯಲ್ಲಿ. ಎಲ್ಲರಿಗೂ ಒಟ್ಟಿಗೆ ಕೊಟ್ರೆ ಲೈನು ತಡೆಯಲ್ಲ. ಹಾಗಾಗಿ ಒಂದು ಗುಂಪಿಗೆ ಹಗಲು, ಇನ್ನೊಂದಕ್ಕೆ ರಾತ್ರಿ. ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆಗಳ ಲೈನು, ಹೊಲದ ಲೈನು ಬೇರೆ ಬೇರೆ ಆದ ಮೇಲೆ ಮನೆಯಲ್ಲಿ ದೀಪ ಇರುತ್ತೆ. ಹೊಲದಲ್ಲಿ ತ್ರೀ ಫೇಸ್ ಯಾವಾಗ ಬಂತು, ಯಾವಾಗ ಹೋಯ್ತು ಅಂತ ಮನೆಯಲ್ಲಿ ಕೂತು ಗೊತ್ತಾಗಲ್ಲ.

ಇದಕ್ಕೆ ರೈತರು ನಮಗಿಂತ ಎಷ್ಟೋ ಮೊದಲೇ ಉಪಾಯ ಕಂಡುಕೊಂಡಿದ್ದಾರೆ, ಮೊಬೈಲ್ ಸ್ಟಾರ್ಟರ್. ಪುಣೆಯ ಸಂತೋಷ್ ಓಸ್ತವಾಲ್ ಅವರ ‘ನ್ಯಾನೋ ಗಣೇಶ್’ ಈ ಜಾತಿಯಲ್ಲಿ ಹಳೆಯದು, ಹೆಸರಾದದ್ದು. ಸ್ಟಾರ್ಟರ್ ಪಕ್ಕದ ಡಬ್ಬದಲ್ಲಿ ಒಂದು ಸಿಮ್. ಆ ನಂಬರಿಗೆ ಫೋನ್ ಮಾಡಿ 1 ಒತ್ತಿದ್ರೆ ಆನ್, ಇನ್ನೊಂದು ಅಂಕಿ ಒತ್ತಿದ್ರೆ ಆಫ್. ನಾವು ಒತ್ತೋ ಪ್ರತಿ ಅಂಕಿಯೂ ಎರಡು ಸ್ವರಗಳ ಜೋಡಿ. 1 ಒತ್ತಿದ್ರೆ 697 ಹರ್ಟ್ಸ್ ಮತ್ತು 1209 ಹರ್ಟ್ಸ್ ಒಟ್ಟಿಗೆ ಕೇಳುತ್ತೆ. ಡಬ್ಬದೊಳಗಿನ ಚಿಪ್ ಆ ಜೋಡಿ ಕೇಳಿಸಿಕೊಂಡು ರಿಲೇ ಎಳೆಯುತ್ತೆ. ಎರಡೇ ಸ್ವರ ಯಾಕೆ ಅಂದ್ರೆ, ಮನುಷ್ಯರ ಮಾತಿನಲ್ಲಿ ಸರಿಯಾಗಿ ಅವೆರಡೇ ಒಟ್ಟಿಗೆ ಬರೋದು ಅಪರೂಪ. ಹಾಗಾಗಿ ಯಾರೋ ಮಾತಾಡಿದ್ದಕ್ಕೆ ಮೋಟ್ರು ಶುರುವಾಗಲ್ಲ. ಕೆಲವು ಡಬ್ಬಗಳಲ್ಲಿ ಇದೂ ಬೇಡ, ಮಿಸ್ಡ್ ಕಾಲ್ ಸಾಕು.

ದೊಡ್ಡಪ್ಪನ ಹತ್ರಾನೂ ಇಂಥದ್ದೊಂದು ಇತ್ತು. ಎರಡು ವರ್ಷ ಚೆನ್ನಾಗಿ ನಡೀತು. ಆಮೇಲೆ ಒಂದು ದಿನ ಉತ್ತರ ಬರಲಿಲ್ಲ. ಡಬ್ಬ ಸರಿಯಾಗೇ ಇತ್ತು, ಸಿಮ್ಮಿನ ವ್ಯಾಲಿಡಿಟಿ ಮುಗಿದಿತ್ತು. ಯಾವ ಕಂಪನಿ ಅನ್ನೋದು ಇಲ್ಲಿ ಬೇಡ. ಬರೀ ಒಳಬರೋ ಕಾಲ್ ಕೇಳೋ ಸಿಮ್ಮಿಗೂ ತಿಂಗಳು ತಿಂಗಳು ರೀಚಾರ್ಜ್ ಮಾಡ್ಬೇಕು. ವರ್ಷದಲ್ಲಿ ನಾಲ್ಕು ತಿಂಗಳು ಮಳೆ ನಂಬಿ ಮೋಟ್ರು ಮುಟ್ಟದವರಿಗೆ ಅದು ಸುಮ್ನೆ ಖರ್ಚು. ಇನ್ನೊಂದು ತೊಂದರೆ, ಹಳೇ ಡಬ್ಬಗಳಲ್ಲಿ ಇರೋದು 2ಜಿ ಮೋಡೆಮ್. ಜಿಯೋ ನೆಟ್‌ವರ್ಕಿನಲ್ಲಿ 2ಜಿ ಇಲ್ಲವೇ ಇಲ್ಲ, ಆ ಸಿಮ್ ಅಲ್ಲಿ ಕೆಲಸ ಮಾಡಲ್ಲ.

ಹಾಗಾದ್ರೆ ಸಿಮ್ ಇಲ್ಲದೆ, ಟವರ್ ಇಲ್ಲದೆ, ತಿಂಗಳ ಬಿಲ್ ಇಲ್ಲದೆ ಒಂದು ಕಿಲೋಮೀಟರ್ ದಾಟೋದು ಹೇಗೆ? ವೈಫೈ ಮನೆ ಅಂಗಳ ದಾಟೋದೇ ಕಷ್ಟ. ಬ್ಲೂಟೂತ್ ಕೇಳಲೇಬೇಡಿ.

ಇಲ್ಲಿ ನಮಗೆ ಸಹಾಯ ಮಾಡಿದ್ದು ದೊಡ್ಡಮ್ಮ. ಹೊಲದಾಚೆ ಇದ್ದ ಮಗನನ್ನ ಊಟಕ್ಕೆ ಕರೀತಿದ್ರು. ‘ರಂಗಾ ಬೇಗ ಬಾರೋ ಮುದ್ದೆ ಆರೋಗುತ್ತೆ’ ಅಂತ ಪಟಪಟ ಹೇಳಲಿಲ್ಲ. ‘ರಂಗಾಆಆಆ’ ಅಂತ ಒಂದೇ ಹೆಸರು, ಉದ್ದಕ್ಕೆ ಎಳೆದು, ದನಿ ಏರಿಸಿ ಕೂಗಿದ್ರು. ಅವನಿಗೆ ಕೇಳಿಸ್ತು. ದೂರ ಮುಟ್ಟಬೇಕು ಅಂದ್ರೆ ನಿಧಾನವಾಗಿ, ಕಡಿಮೆ ಹೇಳಬೇಕು. ಗಾಳಿ, ಟ್ರ್ಯಾಕ್ಟರ್ ಸದ್ದು ಮಧ್ಯೆ ಮಧ್ಯೆ ನುಂಗಿದ್ರೂ ಉಳಿದ ಎಳೆತದಲ್ಲಿ ಹೆಸರು ಗೊತ್ತಾಗುತ್ತೆ.

‘ಲೋರಾ’ ಅನ್ನೋ ರೇಡಿಯೋ ಮಾಡೋದು ಇದನ್ನೇ. ಫ್ರಾನ್ಸಿನ ಸೈಕ್ಲಿಯೋ ಅನ್ನೋ ಸಣ್ಣ ಕಂಪನಿ ಮಾಡಿದ್ದು, 2012ರಲ್ಲಿ ಅಮೆರಿಕದ ಸೆಮ್‌ಟೆಕ್ ಅದನ್ನ ಕೊಂಡುಕೊಳ್ತು. ಇದರಲ್ಲಿ ಪ್ರತಿ ಸಂಕೇತವೂ ಕೆಳಗಿಂದ ಮೇಲಕ್ಕೆ ಜಾರೋ ಒಂದು ಸಿಳ್ಳೆ. ಸಿಳ್ಳೆ ಎಲ್ಲಿಂದ ಶುರುವಾಯ್ತು ಅನ್ನೋದರಲ್ಲೇ ಸುದ್ದಿ ಅಡಗಿದೆ. ಎಷ್ಟು ಎಳೀಬೇಕು ಅಂತ ನಾವೇ ಹೇಳಬಹುದು, 7ರಿಂದ 12ರ ತನಕ ಮೆಟ್ಟಿಲಿದೆ. 125 ಕಿಲೋಹರ್ಟ್ಸ್ ಅಗಲದಲ್ಲಿ 7ನೇ ಮೆಟ್ಟಿಲಿನ ಒಂದು ಸಿಳ್ಳೆ 1 ಮಿಲಿಸೆಕೆಂಡ್, 12ರದ್ದು ಸುಮಾರು 33 ಮಿಲಿಸೆಕೆಂಡ್. 12ರಲ್ಲಿ ನಾಲ್ಕಾರು ಅಕ್ಷರ ಕಳಿಸೋಕೆ ಹತ್ತಿರ ಹತ್ತಿರ ಒಂದು ಸೆಕೆಂಡ್ ಹಿಡಿಯುತ್ತೆ. ಇದರಲ್ಲಿ ರೀಲ್ಸ್ ನೋಡೋಕಾಗಲ್ಲ. ‘ಆನ್’ ಅಂತ ಹೇಳೋಕೆ ಧಾರಾಳ.

ಎರಡನೇ ವಿಷಯ ಫ್ರೀಕ್ವೆನ್ಸಿ. ವೈಫೈ ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್. ನಾವು ಬಳಸಿದ್ದು 866 ಮೆಗಾಹರ್ಟ್ಸ್, ಅದರ ತರಂಗದೂರ ಸುಮಾರು 35 ಸೆಂಟಿಮೀಟರ್. (ಈ ‘ತರಂಗದೂರ’ ಅನ್ನೋ ಪದ ಕನ್ನಡ ಮೀಡಿಯಂನಲ್ಲಿ ಓದಿದ ಗೆಳೆಯ ಕೊಟ್ಟಿದ್ದು, ನಮಗೆ ‘ವೇವ್‌ಲೆಂತ್’ ಬಿಟ್ರೆ ಗೊತ್ತಿರಲಿಲ್ಲ.) ಬಯಲಿನಲ್ಲಿ, ಅಷ್ಟೇ ದೂರಕ್ಕೆ, ಅದೇ ಥರದ ಆಂಟೆನಾದಲ್ಲಿ 866ಕ್ಕೆ 2.4 ಗಿಗಾಹರ್ಟ್ಸ್‌ಗಿಂತ ಸುಮಾರು ಏಳೂವರೆ ಪಟ್ಟು ಹೆಚ್ಚು ಶಕ್ತಿ ಮುಟ್ಟುತ್ತೆ. ಅದೂ ಅಲ್ದೆ ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಸ್ ತನಕದ ಪಟ್ಟಿ 2005ರಿಂದ ಲೈಸೆನ್ಸ್ ಮುಕ್ತ, 2021ರಲ್ಲಿ 868ರ ತನಕ ವಿಸ್ತರಿಸಿದ್ರು. ಪವರ್ ಮಿತಿ ಮೀರದಿದ್ರೆ ಯಾರ ಅನುಮತಿಯೂ ಬೇಡ. ನಾವು ಮೊದಲು ಅಗ್ಗ ಅಂತ ಆನ್‌ಲೈನಿನಲ್ಲಿ 433ರ ಮಾಡ್ಯೂಲ್ ತರಿಸಿಬಿಟ್ಟಿದ್ವಿ. ನಮ್ಮ ಲ್ಯಾಬಿನ ಸರ್ ನೋಡಿದ್ದೇ, ಆ ಪಟ್ಟಿ ನಮ್ಮಲ್ಲಿ ತೀರಾ ಕಡಿಮೆ ಪವರ್‌ಗೆ ಮಾತ್ರ, ವಾಪಸ್ ಕಳಿಸಿ ಅಂದ್ರು. ವಾಪಸ್ ತಗೊಳ್ಳಲಿಲ್ಲ. ಇನ್ನೂ ಡ್ರಾಯರಿನಲ್ಲಿದೆ.

ಆಂಟೆನಾ ಅಂದ್ರೆ ಎಂಟೂವರೆ ಸೆಂಟಿಮೀಟರ್ ಉದ್ದದ ತಂತಿ, ತರಂಗದೂರದ ಕಾಲು ಭಾಗ. ಅದನ್ನ ಮನೆ ಪ್ಯಾರಪೆಟ್ ಮೇಲೆ ಇಟ್ವಿ. ಇನ್ನೊಂದು ಬೋರ್‌ವೆಲ್ ಹತ್ರ, ಸ್ಟಾರ್ಟರ್ ಡಬ್ಬದ ಮೇಲೆ. ಕಾಲೇಜ್ ಗ್ರೌಂಡಿನಲ್ಲಿ ಲಕಲಕ ಅಂದಿದ್ದು ಇಲ್ಲಿ ಹತ್ತಕ್ಕೆ ನಾಲ್ಕು ಸಲವೂ ಮುಟ್ಟಲಿಲ್ಲ. ಮಧ್ಯೆ ಅಡಿಕೆ ತೋಟ. ರೇಡಿಯೋ ಅಲೆ ದಾರದ ಹಾಗೆ ನೇರ ಹೋಗುತ್ತೆ ಅಂತ ಅಂದ್ಕೊಂಡಿದ್ದೇ ನಮ್ಮ ತಪ್ಪು. ಎರಡು ಆಂಟೆನಾಗಳ ನಡುವೆ ಅದಕ್ಕೆ ಉದ್ದನೆಯ ಸೌತೆಕಾಯಿ ಆಕಾರದ ಜಾಗ ಬೇಕು. ಒಂದು ಕಿಲೋಮೀಟರಿಗೆ 866ರಲ್ಲಿ ನಟ್ಟನಡುವೆ ಆ ಸೌತೆಕಾಯಿಯ ಅರ್ಧ ದಪ್ಪವೇ 9 ಮೀಟರ್ ಮೇಲೆ. ಅದರೊಳಗೆ ನೆಲ, ಹಸಿ ಎಲೆ ಬಂದಷ್ಟೂ ನಷ್ಟ. ಬಿದಿರು ಗಳಕ್ಕೆ ಕಟ್ಟಿ ಇಪ್ಪತ್ತು ಅಡಿ ಎತ್ತಿದ್ವಿ, ಮೆಟ್ಟಿಲು 7ರಿಂದ 10ಕ್ಕೆ ಏರಿಸಿದ್ವಿ. ಆಮೇಲೆ ತಪ್ಪದೆ ಮುಟ್ಟತೊಡಗಿತು.

ದೊಡ್ಡಪ್ಪನ ಮಂಚದ ಪಕ್ಕ ಒಂದು ಡಬ್ಬ, ಒಂದು ಬಟನ್, ಒಂದು ಹಸಿರು ದೀಪ. ಫೋನೂ ಬೇಡ, ಆ್ಯಪೂ ಬೇಡ. ಒತ್ತಿದ್ವಿ. ದೀಪ ಹತ್ತಿತು. ಕುಣಿದಾಡಿದ್ವಿ.

‘ನೀರು ಬಂತಾ?’ ಅಂದ್ರು ದೊಡ್ಡಪ್ಪ.

‘ಆನ್ ಆಗಿದೆ ದೊಡ್ಡಪ್ಪ, ದೀಪ ಹತ್ತಿದೆಯಲ್ಲ.’

ಅವರು ಏನೂ ಹೇಳಲಿಲ್ಲ, ಟಾರ್ಚ್ ತಗೊಂಡು ಹೋದ್ರು. ನೀರು ಬಂದಿರಲಿಲ್ಲ. ಟಿಸಿ ಹತ್ರ ಒಂದು ಫೇಸಿನ ಫೀಜು ಹೋಗಿತ್ತು. ಸ್ಟಾರ್ಟರಿನ ಪ್ರಿವೆಂಟರ್ ಮೋಟ್ರು ಸುಡದ ಹಾಗೆ ತಕ್ಷಣ ಟ್ರಿಪ್ ಮಾಡಿತ್ತು. ನಮ್ಮ ಡಬ್ಬಕ್ಕೆ ಗೊತ್ತಿದ್ದದ್ದು ‘ನಾನು ರಿಲೇ ಎಳೆದೆ’ ಅನ್ನೋದಷ್ಟೇ. ಅದನ್ನೇ ನಾವು ‘ಮೋಟ್ರು ಆನ್’ ಅಂತ ದೀಪ ಹತ್ತಿಸಿ ಹೇಳಿದ್ವಿ, ಅಂದ್ರೆ ಸುಳ್ಳು ಹೇಳಿದ್ವಿ. ಪ್ರಿವೆಂಟರ್ ಇಲ್ಲದಿದ್ರೆ ಎಂಟುನೂರು ಅಡಿ ಕೆಳಗಿನ ಮೋಟ್ರು ಎತ್ತಿಸಿ ವೈಂಡಿಂಗ್ ಮಾಡಿಸಬೇಕಾಗ್ತಿತ್ತು.

ಅಲ್ಲಿಂದ ಪ್ರಾಜೆಕ್ಟಿನ ಮುಕ್ಕಾಲು ಕೆಲಸ ವಾಪಸ್ ಬರೋ ಉತ್ತರದ ಮೇಲೇ ನಡೀತು. ಮೂರೂ ಫೇಸ್ ತಂತಿಗಳಿಗೆ ಬಳೆಯಂಥ ಸಣ್ಣ ಕರೆಂಟ್ ಟ್ರಾನ್ಸ್‌ಫಾರ್ಮರ್ ತೊಡಿಸಿದ್ವಿ. ಏಳೂವರೆ ಎಚ್‌ಪಿ ಮೋಟ್ರು ನೀರು ಎಳೆಯುವಾಗ ಒಂದೊಂದು ಫೇಸಿನಲ್ಲೂ 12ರಿಂದ 15 ಆಂಪ್ಸ್ ಹರಿಯುತ್ತೆ. ಒಂದು ಫೇಸಿನಲ್ಲಿ ಸೊನ್ನೆ ಆದ್ರೆ ಫೀಜು ಹೋಗಿದೆ. ಮೂರರಲ್ಲೂ ಒಟ್ಟಿಗೆ ಕೆಳಗಿಳಿದ್ರೆ ಬೋರಿನಲ್ಲಿ ನೀರು ಕೆಳಗೆ ಹೋಗಿದೆ, ಮೋಟ್ರು ಗಾಳಿ ಎಳೀತಿದೆ, ಕೂಡಲೇ ನಿಲ್ಲಿಸಬೇಕು. ಈಗ ಹಸಿರು ದೀಪ ಹತ್ತೋದು ಮೂರೂ ಫೇಸಿನ ಲೆಕ್ಕ ಸರಿ ಬಂದ ಮೇಲೆ. ಉತ್ತರವೇ ಬರದಿದ್ರೆ ಕೆಂಪು ದೀಪ ಮಿಣಕುತ್ತೆ. ‘ಗೊತ್ತಿಲ್ಲ’ ಅನ್ನೋದಕ್ಕೂ ಒಂದು ದೀಪ ಬೇಕು ಅಂತ ಹೇಳಿದ್ದು ದೊಡ್ಡಪ್ಪನೇ. ಪ್ರತಿ ಸಂದೇಶಕ್ಕೂ ಏರುತ್ತಾ ಹೋಗೋ ಒಂದು ನಂಬರ್ ಸೇರಿಸಿ, ಗುಟ್ಟಿನ ಕೀಲಿಯಿಂದ ಮುದ್ರೆ ಒತ್ತಿ ಕಳಿಸ್ತೀವಿ. ಇಲ್ಲದಿದ್ರೆ ಅದೇ ಮಾಡ್ಯೂಲ್ ಕೊಂಡ ಯಾರು ಬೇಕಾದ್ರೂ ಪಕ್ಕದವರ ಮೋಟ್ರು ಆನ್ ಮಾಡಬಹುದು. ನೀರಿನ ವಿಷಯಕ್ಕೆ ಊರಲ್ಲಿ ಜಗಳ ಈಗ ಇರೋದೇ ಸಾಕು.

ಬಟನ್ ಒತ್ತೋದೂ ಯಾಕೆ, ಕರೆಂಟು ಬಂದ ತಕ್ಷಣ ತಾನೇ ಆನ್ ಆಗಲಿ ಅಂತ ನೀವು ಕೇಳಬಹುದು. ಆಟೋ ಸ್ವಿಚ್ ಹಾಕಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಒಂದು 63 ಕೆವಿಎ ಟಿಸಿಗೆ ಆರು ಮೋಟ್ರು ಇವೆ ಅಂದ್ಕೊಳ್ಳಿ. ಓಡುವಾಗ ಒಂದೊಂದು ಸುಮಾರು 8 ಕೆವಿಎ, ಒಟ್ಟು 48, ಸರಿಹೋಯ್ತು. ಆದ್ರೆ ಶುರುವಾಗೋ ಕ್ಷಣ ಮೋಟ್ರು ಐದಾರು ಪಟ್ಟು ಎಳೆಯುತ್ತೆ. ಕರೆಂಟು ಬಂದ ಕ್ಷಣ ಆರೂ ಒಟ್ಟಿಗೆ ಎದ್ರೆ 240 ಕೆವಿಎ ದಾಟುತ್ತೆ. ಫೀಜು ಹೋಗೋದು, ಟಿಸಿ ಸುಡೋದು ಇದಕ್ಕೇ. ಟಿಸಿ ಸುಟ್ರೆ ಹೊಸದು ಬರೋ ತನಕ ಆರೂ ತೋಟ ಒಣಗುತ್ತೆ. ಒಬ್ಬೊಬ್ಬರ ಡಬ್ಬ ಎಷ್ಟೇ ಸ್ಮಾರ್ಟ್ ಇರಲಿ, ಪಕ್ಕದ ಡಬ್ಬದ ಜೊತೆ ಮಾತಾಡದಿದ್ರೆ ಆರೂ ಸೇರಿ ದಡ್ಡ ಕೆಲಸ ಮಾಡ್ತವೆ. ನಮ್ಮ ಡಬ್ಬದಲ್ಲಿ ಸದ್ಯಕ್ಕೆ ಅರ್ಧ ನಿಮಿಷದಿಂದ ಐದು ನಿಮಿಷದೊಳಗೆ ಲಾಟರಿ ಎತ್ತಿದ ಹಾಗೆ ಒಂದು ತಡ ಇಟ್ಟಿದ್ದೀವಿ. ಒಂದೇ ಟಿಸಿಯವರು ಲೋರಾದಲ್ಲೇ ಸರದಿ ಹಚ್ಚಿಕೊಳ್ಳೋದು ಮುಂದಿನ ಸೆಮಿಸ್ಟರಿನ ಆಸೆ.

ಮನೆಗಳ ಮೀಟರುಗಳು ಈಗ ಮಾತು ಕಲೀತಿವೆ, 2025ರಿಂದ ಬೆಸ್ಕಾಂನಲ್ಲಿ ಹೊಸ ಸಂಪರ್ಕಕ್ಕೆ ಸ್ಮಾರ್ಟ್ ಮೀಟರ್ ಕಡ್ಡಾಯ. ಪಂಪ್‌ಸೆಟ್ಟುಗಳಲ್ಲಿ ಹೆಚ್ಚಿನವಕ್ಕೆ ಸಾದಾ ಮೀಟರೂ ಇಲ್ಲ. ಆ ಚರ್ಚೆ ದೊಡ್ಡದು, ಬಿಡೋಣ.

ಇಷ್ಟೆಲ್ಲ ಮಾಡಿ ಒಂದು ಮಾತು ಒಪ್ಪಿಕೊಳ್ಳಲೇಬೇಕು. ಹಗಲು ಹೊತ್ತಿನಲ್ಲೇ ತ್ರೀ ಫೇಸ್ ಕೊಟ್ರೆ ನಮ್ಮ ಡಬ್ಬದ ಅರ್ಧ ಕೆಲಸ ಇರಲ್ಲ. ನಮ್ಮದೇ ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಕುಸುಮ್ ಯೋಜನೆಯಲ್ಲಿ ಸಬ್‌ಸ್ಟೇಷನ್ ಪಕ್ಕದಲ್ಲೇ ಸೋಲಾರ್ ಹಾಕಿ ಹೊಲದ ಲೈನಿಗೆ ಹಗಲು ಕರೆಂಟು ಕೊಡೋದು ಮಧುಗಿರಿ ಪಕ್ಕದ ಗೌರಿಬಿದನೂರು ತಾಲ್ಲೂಕಿನಲ್ಲಿ 2025ರಲ್ಲಿ ಶುರುವಾಗಿದೆ. ದೊಡ್ಡಪ್ಪನ ಲೈನಿಗೂ ಅದು ಬಂದ್ರೆ ನಮಗೆ ಬೇಜಾರಿಲ್ಲ. ನೀರು ಕೆಳಗಿಳಿದದ್ದು, ಫೀಜು ಹೋದದ್ದು ಹೇಳೋಕೆ ಆಗಲೂ ಡಬ್ಬ ಬೇಕು.

ಸದ್ಯಕ್ಕೆ ಡಬ್ಬ ಹನ್ನೆರಡು ರಾತ್ರಿ ತಪ್ಪದೆ ಓಡಿದೆ. ಒಂದು ಸಲ ಕೆಂಪು ದೀಪ ಮಿಣುಕಿತ್ತು, ಹೋಗಿ ನೋಡಿದ್ರೆ ಬಿದಿರು ಗಳ ಗಾಳಿಗೆ ವಾಲಿತ್ತು. ರಜೆಯಲ್ಲಿ ಕಬ್ಬಿಣದ ಪೈಪ್ ನೆಡಬೇಕು. ಸೋಮವಾರದಿಂದ ಮತ್ತೆ ರಾತ್ರಿ ಪಾಳಿ. ದೊಡ್ಡಪ್ಪ ಟಾರ್ಚನ್ನ ಚಾರ್ಜಿಗೆ ಹಾಕಿದ್ದಾರೆ ಅಂತ ನಿನ್ನೆ ದೊಡ್ಡಮ್ಮ ಫೋನಿನಲ್ಲಿ ಹೇಳಿದ್ರು.