ಅಟ್ಟದಲ್ಲಿ ಸೋರಿಹೋಗುವ ತಂಪು

ಅಮೆರಿಕದ ಅರಿಜೋನ ಸಂಸ್ಥಾನದಲ್ಲಿ, ಮರುಭೂಮಿಯ ನಡುವೆ, ಫೀನಿಕ್ಸ್ ಎಂಬ ಮಹಾನಗರವಿದೆ. 2023ನೆಯ ಇಸವಿಯ ಬೇಸಗೆಯಲ್ಲಿ ಅಲ್ಲಿ ಒಂದೇ ಸಮನೆ 31 ದಿನಗಳ ಕಾಲ ಹಗಲಿನ ಉಷ್ಣತೆ 43 ಡಿಗ್ರಿ ಸೆಂಟಿಗ್ರೇಡನ್ನು ದಾಟಿತು. ಆ ವರ್ಷ ನಗರವನ್ನೊಳಗೊಂಡ ಮಾರಿಕೋಪ ಜಿಲ್ಲೆಯಲ್ಲಿ ಬೇಗೆಗೆ ಸಂಬಂಧಿಸಿದ ಸಾವುಗಳು 645 ಎಂದು ಅಲ್ಲಿನ ಆರೋಗ್ಯ ಇಲಾಖೆ ಲೆಕ್ಕ ಕೊಟ್ಟಿತು. ಸತ್ತವರಲ್ಲಿ ಸೂರಿಲ್ಲದೆ ಬೀದಿಯಲ್ಲಿ ಮಲಗುವವರು ಬಹುಮಂದಿ. ಆದರೆ ಮನೆಯೊಳಗೇ ಪ್ರಾಣಬಿಟ್ಟವರೂ ಇದ್ದರು; ಅವರಲ್ಲಿ ಹೆಚ್ಚಿನವರ ಮನೆಗಳಲ್ಲಿ ಹವಾನಿಯಂತ್ರಣದ ಯಂತ್ರ ಇದ್ದೇ ಇತ್ತು, ಕೆಲಸ ಮಾಡುತ್ತಿರಲಿಲ್ಲ ಅಷ್ಟೆ. ಅಂಥ ಊರಿನಲ್ಲಿ ಮನೆಯ ತಂಪು ಶ್ರೀಮಂತರ ಭೋಗವೆಂದು ಯಾರೂ ಹೇಳಲಾರರು. ಅದು ಕುಡಿಯುವ ನೀರಿಗೆ ಸಮನಾದ ಅಗತ್ಯ.

ಇದು ದೂರದೇಶದ ಸಂಗತಿ, ನಮಗೇಕೆ ಎನ್ನುವಂತಿಲ್ಲ. ಫೀನಿಕ್ಸ್, ಡಾಲಸ್, ಹ್ಯೂಸ್ಟನ್, ಆಸ್ಟಿನ್ ಮುಂತಾದ ಸುಡುಬಿಸಿಲಿನ ಊರುಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಕಡಿಮೆಯೇನಲ್ಲ. ಮಗಳ ಬಾಣಂತನಕ್ಕೆಂದೋ, ಮೊಮ್ಮಕ್ಕಳ ರಜೆಗೆಂದೋ ಬೆಂಗಳೂರು ಮೈಸೂರುಗಳಿಂದ ತಾಯಿತಂದೆಯರು ಅಲ್ಲಿಗೆ ಹೋಗುವುದೂ ಸಾಮಾನ್ಯವಾಗಿ ಅದೇ ತಿಂಗಳುಗಳಲ್ಲಿ. ಹೋದವರಿಗೆ ಮಹಡಿಯ ಮೇಲಿನ ಅತಿಥಿಕೋಣೆ ಮೀಸಲು. ಅಲ್ಲಿಂದ ಒಂದು ವಿಚಿತ್ರ ವ್ಯಾಜ್ಯ ಮೊದಲಾಗುತ್ತದೆ. ಮೇಲಿನ ಕೋಣೆ ಕಾದ ಬಾಣಲೆ. ಕೆಳಗಿನ ಹಜಾರದಲ್ಲಿ ಕುಳಿತವರಿಗೆ ಶಾಲು ಬೇಕು. ಅಪ್ಪ ನಿದ್ದೆ ಬಾರದೆ ಎದ್ದು ಕುಳಿತರೆಂದು ಮಗ ಗೋಡೆಯ ಥರ್ಮಾಸ್ಟಾಟನ್ನು ಇನ್ನೂ ಎರಡು ಡಿಗ್ರಿ ಕೆಳಗಿಳಿಸುತ್ತಾನೆ. ಕೆಳಗಿನವರಿಗೆ ಚಳಿ ಹೆಚ್ಚುತ್ತದೆ, ಮೇಲಿನವರ ಸೆಕೆ ತಗ್ಗುವುದಿಲ್ಲ, ತಿಂಗಳ ಕೊನೆಗೆ ವಿದ್ಯುಚ್ಛಕ್ತಿಯ ಬಿಲ್ಲು ಮಾತ್ರ ಬೆಳೆದು ಬರುತ್ತದೆ. ಯಂತ್ರ ಹಳೆಯದಾಯಿತು, ಹೊಸದು ತರೋಣವೆಂಬ ಮಾತೂ ಏಳುತ್ತದೆ. ಬಹಳ ಸಲ ಯಂತ್ರದ ತಪ್ಪೇನೂ ಇರುವುದಿಲ್ಲ. ತಪ್ಪು ಇರುವುದು ಯಾರ ಕಣ್ಣಿಗೂ ಬೀಳದ ಒಂದು ಜಾಗದಲ್ಲಿ.

ನಮ್ಮಲ್ಲಿ ತಂಪಿನ ಯಂತ್ರವೆಂದರೆ ಗೋಡೆಗೆ ತೂಗುಹಾಕಿದ ಒಂದು ಪೆಟ್ಟಿಗೆ, ಕೋಣೆಗೊಂದು. ಅಮೆರಿಕದ ಮನೆಯಲ್ಲಿ ಹಾಗಲ್ಲ. ಇಡೀ ಮನೆಗೆ ಒಂದೇ ಯಂತ್ರ. ಅದು ಮನೆಯ ಗಾಳಿಯನ್ನು ಒಂದು ದೊಡ್ಡ ಜಾಲರಿಯ ಮೂಲಕ ಒಳಗೆಳೆದು, ತಣ್ಣನೆಯ ಸುರುಳಿ ಕೊಳವೆಗಳ ಮೇಲೆ ಹಾಯಿಸಿ, ಸುಮಾರು 13 ಡಿಗ್ರಿಗೆ ತಂಪುಮಾಡಿ, ಕವಲು ಕವಲಾದ ನಾಳಗಳಲ್ಲಿ ಒಂದೊಂದು ಕೋಣೆಗೂ ಅಟ್ಟುತ್ತದೆ. ಈ ಗಾಳಿನಾಳಗಳಿಗೆ ಅವರು ಡಕ್ಟ್ ಎನ್ನುತ್ತಾರೆ. ಹೃದಯ ಒಂದು, ರಕ್ತನಾಳ ಹಲವು ಎಂದುಕೊಂಡರೆ ಸರಿಹೋದೀತು.

ಉತ್ತರದ ಶೀತಪ್ರಾಂತಗಳಲ್ಲಿ ಈ ನಾಳಗಳನ್ನು ನೆಲಮಾಳಿಗೆಯಲ್ಲಿ ಹಾಯಿಸುವುದು ವಾಡಿಕೆ. ಟೆಕ್ಸಸ್ ಅರಿಜೋನಗಳ ಹೆಚ್ಚಿನ ಮನೆಗಳಿಗೆ ನೆಲಮಾಳಿಗೆಯೇ ಇಲ್ಲ. ಕಾಂಕ್ರೀಟು ಹಾಸಿನ ಮೇಲೆ ಮನೆ ಎದ್ದಿರುತ್ತದೆ. ಆದ್ದರಿಂದ ನಾಳಗಳಿಗೆ ಅಟ್ಟವೇ ಗತಿ. ಬಿಸಿಲಿಗೆ ಕಾದ ಮಾಡಿನ ಕೆಳಗೆ ಆ ಅಟ್ಟದ ಉಷ್ಣತೆ ಮಧ್ಯಾಹ್ನ 55 ಡಿಗ್ರಿಯನ್ನೂ ಮೀರಬಹುದು. ಮನೆಯೊಳಗಿನ ಅತ್ಯಂತ ತಣ್ಣನೆಯ ವಸ್ತುವನ್ನು ಮನೆಯ ಅತ್ಯಂತ ಬಿಸಿಯಾದ ಜಾಗದಲ್ಲಿ ಮಲಗಿಸಿದಂತಾಯಿತು! ಅಟ್ಟದ ನೆಲಕ್ಕೆ ಗಾಜಿನ ನಾರಿನ ಒಂದಡಿ ದಪ್ಪದ ಹೊದಿಕೆ ಹಾಸುವ ಅದೇ ಜನ ನಾಳಕ್ಕೆ ಸುತ್ತುವುದು ಎರಡು ಮೂರು ಅಂಗುಲದ ಹೊದಿಕೆಯನ್ನು ಮಾತ್ರ. ಇಷ್ಟು ಬುದ್ಧಿವಂತರಾದ ಜನ ಇಂಥ ಏರ್ಪಾಟನ್ನು ಹೇಗೆ ಒಪ್ಪಿದರೋ! ಕಟ್ಟುವವನಿಗೆ ಅದು ಅಗ್ಗ; ವಾಸಿಸುವವನಿಗೆ ಅಲ್ಲ.

ಹೊದಿಕೆಯ ಮಾತು ಒತ್ತಟ್ಟಿಗಿರಲಿ, ನಾಳಗಳು ಸೋರುತ್ತವೆ. ತಗಡಿನ ತುಂಡುಗಳನ್ನು ಜೋಡಿಸಿದ ಸಂದುಗಳಲ್ಲಿ, ಕವಲೊಡೆಯುವ ಪೆಟ್ಟಿಗೆಗಳಲ್ಲಿ, ಚಾವಣಿಯ ಜಾಲರಿಗೆ ನಾಳ ಬಂದು ಸೇರುವ ಬಾಯಲ್ಲಿ ಬಿರುಕುಗಳಿರುತ್ತವೆ. ಎನರ್ಜಿ ಸ್ಟಾರ್ ಎಂಬ ಅಮೆರಿಕದ ಸರ್ಕಾರಿ ಯೋಜನೆಯವರ ಅಂದಾಜಿನಂತೆ ಸಾಧಾರಣ ಮನೆಯೊಂದರಲ್ಲಿ ನಾಳಗಳಲ್ಲಿ ಹರಿಯುವ ಗಾಳಿಯ ಶೇಕಡ 20ರಿಂದ 30ರಷ್ಟು ಹೀಗೆ ದಾರಿಯಲ್ಲೇ ಕಳೆದುಹೋಗುತ್ತದೆ. ಇದನ್ನು ಲೆಕ್ಕಕ್ಕಿಟ್ಟು ನೋಡಬೇಕು. ಒಂದು ಟನ್ನಿನ ಯಂತ್ರವೆಂದು ನಾವೆಲ್ಲ ಹೇಳುತ್ತೇವಲ್ಲ, ಆ ಟನ್ನು ಯಂತ್ರದ ತೂಕವಲ್ಲ. 2000 ಪೌಂಡು ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಹೀರುವಷ್ಟು ಶಾಖವನ್ನು ಹೊರದೂಡುವ ಶಕ್ತಿ. ಟನ್ನೊಂದಕ್ಕೆ ನಿಮಿಷಕ್ಕೆ ಸುಮಾರು 400 ಘನ ಅಡಿ ಗಾಳಿ ಹಾಯಬೇಕೆಂದು ನಿಯಮ. ಐದು ಟನ್ನಿನ ಯಂತ್ರ 2000 ಘನ ಅಡಿ ಅಟ್ಟಬೇಕು. ಅದರಲ್ಲಿ ಕಾಲುಭಾಗ ಸೋರಿದರೆ 500 ಘನ ಅಡಿ ಹೋಯಿತು. ಒಂದು ಟನ್ನಿಗೂ ಮಿಕ್ಕ ತಂಪು ಅಟ್ಟದ ಪಾಲು. ದಿನವೊಂದಕ್ಕೆ ಒಂದು ಟನ್ನು ಮಂಜುಗಡ್ಡೆಯನ್ನು ಹೊತ್ತು ತಂದು ಅಟ್ಟಕ್ಕೆ ಸುರಿದಂತೆ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚುವುದೆಂದರೆ ಇದೇ ತಾನೆ?

ನಷ್ಟ ಅಲ್ಲಿಗೇ ಮುಗಿಯುವುದಿಲ್ಲ. ಮನೆಯಿಂದ ಎಳೆದುಕೊಂಡ ಗಾಳಿಯೆಲ್ಲ ಮನೆಗೆ ಹಿಂದಿರುಗದೆ ಅಟ್ಟಕ್ಕೆ ಹೋದರೆ ಮನೆಯೊಳಗೆ ಗಾಳಿಯ ಒತ್ತಡ ಕುಸಿಯುತ್ತದೆ. ಆ ಕೊರತೆಯನ್ನು ತುಂಬಲು ಬಾಗಿಲು ಕಿಟಕಿಗಳ ಸಂದಿನಿಂದ ಹೊರಗಿನ ಬಿಸಿಗಾಳಿ ನುಗ್ಗುತ್ತದೆ. ಇನ್ನು ಗಾಳಿಯನ್ನು ಯಂತ್ರಕ್ಕೆ ಒಯ್ಯುವ ಹಿಂದಾಳಿಯ ನಾಳವೇ ಅಟ್ಟದಲ್ಲಿ ಬಿರುಕು ಬಿಟ್ಟಿದ್ದರಂತೂ ಅಟ್ಟದ ಕೆಂಡದಂಥ ಗಾಳಿ, ಧೂಳು, ಗಾಜುನಾರಿನ ಚೂರು ಎಲ್ಲ ನೇರವಾಗಿ ಒಳಕ್ಕೆ ಬರುತ್ತವೆ. ಮನೆಯಲ್ಲಿ ಎಷ್ಟು ಒರೆಸಿದರೂ ಧೂಳು ಹೋಗದು ಎನ್ನುವ ಗೃಹಿಣಿ ಒಮ್ಮೆ ಆ ಕಡೆ ಗಮನ ಹರಿಸುವುದು ಲೇಸು. ಇದಕ್ಕಿಂತ ಗಂಭೀರವಾದ ಅಪಾಯವೂ ಉಂಟು. ಅನಿಲದಿಂದ ನೀರು ಕಾಯಿಸುವ ಹಂಡೆ ಮನೆಯೊಳಗೇ ಇದ್ದು, ಅದರ ಬಳಿ ಒತ್ತಡ ಕುಸಿದರೆ, ಹೊಗೆಕೊಳವೆಯಲ್ಲಿ ಮೇಲೇರಬೇಕಾದ ವಿಷಾನಿಲ ಮನೆಯೊಳಕ್ಕೆ ತಿರುಗಬಹುದು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದನ್ನು ಕಂಡುಹಿಡಿದು ಕೂಗುವ ಗಂಟೆ ಮಲಗುವ ಕೋಣೆಗಳ ಹತ್ತಿರ ಇರಲೇಬೇಕು.

ಈ ಯಂತ್ರ ಮೊದಲು ಹುಟ್ಟಿದ್ದು ಮನುಷ್ಯರ ಸುಖಕ್ಕಲ್ಲವೆಂಬುದು ಸಚಿತ್ರ ಪತ್ರಿಕೆ ಓದುವವರಿಗೆ ಸ್ವಾರಸ್ಯವೆನಿಸೀತು. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿದ್ದ ಒಂದು ಮುದ್ರಣಾಲಯದಲ್ಲಿ ಬೇಸಗೆಯ ತೇವಕ್ಕೆ ಕಾಗದ ಹಿಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂಡದೆ ಚಿತ್ರಗಳು ಕೆಡುತ್ತಿದ್ದವು. ಆಗ 25 ವರ್ಷದ ಎಂಜಿನಿಯರನಾಗಿದ್ದ ವಿಲಿಸ್ ಕ್ಯಾರಿಯರ್, ಗಾಳಿಯ ತೇವವನ್ನು ಹತೋಟಿಯಲ್ಲಿಡುವ ಏರ್ಪಾಟನ್ನು ರಚಿಸಿಕೊಟ್ಟ. ತಂಪು ಮೊದಲು ದೊರೆತದ್ದು ಬಣ್ಣದ ಚಿತ್ರಗಳಿಗೆ. ಮನುಷ್ಯನ ಸರದಿ ಆಮೇಲೆ ಬಂತು.

ನಾಳಗಳ ಕಥೆಯಲ್ಲಿ ಇನ್ನೊಂದು ತಮಾಷೆಯ ಅಧ್ಯಾಯ ಡಕ್ಟ್ ಟೇಪಿನದು. ಬೆಳ್ಳಿಬಣ್ಣದ ಈ ಅಂಟುಪಟ್ಟಿ ಹುಟ್ಟಿದ್ದು ಎರಡನೆಯ ಮಹಾಯುದ್ಧದಲ್ಲಿ. ಇಲಿನಾಯ್ ಸಂಸ್ಥಾನದ ಮದ್ದುಗುಂಡಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ವೆಸ್ಟಾ ಸ್ಟೌಟ್ ಎಂಬ ತಾಯಿಯ ಮಕ್ಕಳು ನೌಕಾದಳದಲ್ಲಿದ್ದರು. ತೋಟಾ ಪೆಟ್ಟಿಗೆಗಳಿಗೆ ಅಂಟಿಸುತ್ತಿದ್ದ ಕಾಗದದ ಪಟ್ಟಿ ಎಳೆದಾಗ ಹರಿದುಹೋಗುತ್ತಿತ್ತು. ಶತ್ರುವಿನೆದುರಿಗೆ ನಿಂತ ಹುಡುಗರು ಪೆಟ್ಟಿಗೆ ಬಿಚ್ಚಲು ಪರದಾಡಬೇಕಾದೀತೆಂದು ಆಕೆಗೆ ಚಿಂತೆ. ಮೇಲಧಿಕಾರಿಗಳು ಕಿವಿಗೊಡದಿದ್ದಾಗ 1943ರಲ್ಲಿ ಆಕೆ ಅಧ್ಯಕ್ಷ ರೂಸ್ವೆಲ್ಟರಿಗೇ ಕಾಗದ ಬರೆದಳು. ನೀರು ತಾಗದ, ಗಟ್ಟಿ ಬಟ್ಟೆಯ ಪಟ್ಟಿ ಹಾಗೆ ಬಳಕೆಗೆ ಬಂತು. ಯುದ್ಧ ಮುಗಿದ ಮೇಲೆ ಹೊಸ ಮನೆಗಳು ಸಾಲುಗಟ್ಟಿ ಏಳುವಾಗ ಅದನ್ನೇ ಗಾಳಿನಾಳಗಳಿಗೂ ಸುತ್ತತೊಡಗಿದರು, ಹೆಸರೂ ಅಂಟಿಕೊಂಡಿತು. ಆದರೆ 1998ರಲ್ಲಿ ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದ ಮ್ಯಾಕ್ಸ್ ಶರ್ಮನ್ ಮತ್ತು ಇಯನ್ ವಾಕರ್ ಎಂಬ ವಿಜ್ಞಾನಿಗಳು ಬಗೆಬಗೆಯ ಅಂಟುಗಳನ್ನು ಬಿಸಿಗೂ ತಂಪಿಗೂ ಸರದಿಯಂತೆ ಒಡ್ಡಿ ಪರೀಕ್ಷಿಸಿದಾಗ, ಮತ್ತೆ ಮತ್ತೆ ಸೋತದ್ದು ನಾಳದ ಹೆಸರು ಹೊತ್ತ ಈ ಬಟ್ಟೆಪಟ್ಟಿಯೇ! ಅಟ್ಟದ ಕಾವಿಗೆ ಅದರ ಅಂಟು ಒಣಗಿ, ಪಟ್ಟಿ ಬಾಡಿದ ಬಾಳೆಪಟ್ಟೆಯಂತೆ ಕಳಚಿ ಬೀಳುತ್ತದೆ. ಮಕ್ಕಳ ಪುಸ್ತಕಕ್ಕೆ ರಟ್ಟು ಕಟ್ಟಲು ಅದು ಲಾಯಕ್ಕು, ನಾಳಕ್ಕಲ್ಲ.

ನಾಳಕ್ಕೆ ಬೇಕಾದದ್ದು ಮಾಸ್ಟಿಕ್ ಎಂಬ ಲೇಪ. ದೋಸೆಯ ಹಿಟ್ಟಿಗಿಂತ ಗಟ್ಟಿ, ಗಾರೆಗಿಂತ ತೆಳು. ಸಂದಿನ ಮೇಲೆ ಕುಂಚದಿಂದ ದಪ್ಪಗೆ ಬಳಿದು ಒಣಗಲು ಬಿಟ್ಟರೆ ವರ್ಷಗಟ್ಟಲೆ ನಿಲ್ಲುತ್ತದೆ. ಕಾಲು ಅಂಗುಲಕ್ಕಿಂತ ಅಗಲವಾದ ಬಿರುಕಿಗೆ ಮೊದಲು ಗಾಜುನಾರಿನ ಬಲೆಪಟ್ಟಿಯನ್ನು ಅಂಟಿಸಿ ಮೇಲೆ ಲೇಪಿಸಬೇಕು. ಗೋಡೆಯೊಳಗೆ ಹುದುಗಿ ಕೈಗೆ ಎಟುಕದ ನಾಳಗಳಿಗೆ ಬೇರೊಂದು ಉಪಾಯ. ಅದೇ ಬರ್ಕ್ಲಿ ಪ್ರಯೋಗಾಲಯದಲ್ಲಿ 1990ರ ದಶಕದಲ್ಲಿ ಮಾರ್ಕ್ ಮೊಡೇರ ರೂಪಿಸಿದ ವಿಧಾನವದು: ಜಾಲರಿಗಳನ್ನೆಲ್ಲ ಮುಚ್ಚಿ ಅಂಟಿನ ಕಣಗಳನ್ನು ಮಂಜಿನಂತೆ ನಾಳದೊಳಕ್ಕೆ ಊದುತ್ತಾರೆ. ಗಾಳಿ ಎಲ್ಲಿ ಸೋರುತ್ತದೆಯೋ ಕಣಗಳೂ ಅಲ್ಲಿಗೇ ಹೋಗಿ ಬಿರುಕಿನ ಅಂಚಿಗೆ ಮೆತ್ತಿಕೊಂಡು, ಅದನ್ನು ಒಳಗಿನಿಂದಲೇ ಮುಚ್ಚುತ್ತವೆ. ಕಳ್ಳನ ಹೆಜ್ಜೆ ಹಿಡಿದು ಹೋಗಿ ಕಳ್ಳನನ್ನೇ ಹಿಡಿದ ಹಾಗೆ. ಅನಿಲದ ಹಂಡೆಯಿರುವ ಮನೆಯಲ್ಲಿ ರಿಪೇರಿಯಾದ ಮೇಲೆ ಹೊಗೆ ಸರಿಯಾಗಿ ಮೇಲೇರುತ್ತಿದೆಯೇ ಎಂದು ಪರೀಕ್ಷೆ ಮಾಡಿಸದೆ ಕೆಲಸಗಾರನನ್ನು ಬಿಡಬಾರದು.

ಸೋರುವ ಜಾಗ ಪತ್ತೆಮಾಡಲು ಕನ್ನಡಿಗರ ಮನೆಯಲ್ಲಿ ಹೊಸ ಉಪಕರಣ ಬೇಕಿಲ್ಲ. ದೇವರ ಮುಂದಿನ ಊದಿನಕಡ್ಡಿ ಸಾಕು. ಬೆಳಗಿನ ತಂಪು ಹೊತ್ತಿನಲ್ಲಿ ಯಂತ್ರದ ಪಂಖವನ್ನು ಓಡಿಸಿ, ಕೈಗೆಟುಕುವ ಸಂದುಗಳ ಬಳಿ ಕಡ್ಡಿಯ ಹೊಗೆಯನ್ನು ಹಿಡಿದರೆ, ಹೊಗೆ ಸೆಟೆದು ದೂರ ಹಾರುವಲ್ಲಿ ಗಾಳಿ ಹೊರಬರುತ್ತಿದೆ, ಒಳಕ್ಕೆ ಸೆಳೆದುಕೊಳ್ಳುವಲ್ಲಿ ಹಿಂದಾಳಿಯ ನಾಳ ಬಿರಿದಿದೆ. ಆದರೆ ಅಟ್ಟದಲ್ಲಿ ಕಿಡಿ ಬೀಳದಂತೆ ಎಚ್ಚರವಿರಬೇಕು. ಮಧ್ಯಾಹ್ನದ ಹೊತ್ತು ಅಟ್ಟಕ್ಕೆ ಏರುವುದಂತೂ ಕೂಡದು. ಆ ಬೇಗೆಗೆ ಗಟ್ಟಿಮುಟ್ಟಾದವನೂ ತಲೆ ತಿರುಗಿ ಬಿದ್ದಾನು.

ಹೊಗೆಗೆ ಕಾಣದ ದೋಷಗಳೂ ಇವೆ. ಈಚಿನ ಮನೆಗಳ ನಾಳ ತಗಡಿನದಲ್ಲ. ತಂತಿಯ ಸುರುಳಿಗೆ ಪ್ಲಾಸ್ಟಿಕ್ ಚರ್ಮ ಹೊದಿಸಿದ, ಬಾಗುವ ಕೊಳವೆ. ಅಟ್ಟದ ತುಂಬ ಬೆಳ್ಳಿಯ ಹೆಬ್ಬಾವುಗಳು ಮಲಗಿದಂತೆ ಕಾಣುತ್ತವೆ. ಅವನ್ನು ಬಿಗಿಯಾಗಿ ಎಳೆದು ಕಟ್ಟದೆ ಸಡಿಲ ಬಿಟ್ಟರೆ, ಅಥವಾ ಯಾರೋ ಹಳೆಯ ಟ್ರಂಕು ಇಡಲು ಹೋಗಿ ತುಳಿದರೆ, ಒಳಗೆ ಸುಕ್ಕು ಬಿದ್ದು ಗಾಳಿಗೆ ಅಡ್ಡಿ ಹಲವು ಪಟ್ಟಾಗುತ್ತದೆ. ಯಂತ್ರದಿಂದ ಅತಿ ದೂರದ ಕೋಣೆಗೆ ಹೋಗುವ ಉದ್ದನೆಯ ನಾಳಕ್ಕೇ ಈ ಗತಿ ಬರುವುದು ಹೆಚ್ಚು; ಅತಿಥಿಕೋಣೆ ಬಾಣಲೆಯಾಗುವ ರಹಸ್ಯ ಅನೇಕ ಮನೆಗಳಲ್ಲಿ ಇಷ್ಟೇ. ಇನ್ನೊಂದು ಕಾರಣ ಬಾಗಿಲು. ವೃದ್ಧರು ಕದ ಹಾಕಿಕೊಂಡು ಮಲಗುತ್ತಾರೆ. ಆ ಕೋಣೆಯಿಂದ ಗಾಳಿ ಹಿಂದಿರುಗಲು ದಾರಿಯೇ ಇಲ್ಲದಿದ್ದರೆ ತಂಪುಗಾಳಿ ಒಳಗೆ ಬರುವುದಾದರೂ ಹೇಗೆ? ತುಂಬಿದ ಕೊಡಕ್ಕೆ ನೀರು ಹೊಯ್ದಂತೆ. ಕದವನ್ನು ನಾಲ್ಕು ಬೆರಳು ತೆರೆದಿಟ್ಟು ನೋಡಬೇಕು. ಸೆಕೆ ತಗ್ಗಿದರೆ ಕದದ ಅಡಿಯನ್ನು ಅರ್ಧ ಅಂಗುಲ ಕೊರೆಸುವುದೋ, ಗೋಡೆಯಲ್ಲಿ ಜಾಲರಿ ಇಡಿಸುವುದೋ ಮಾಡಿದರಾಯಿತು.

ಉಪಯೋಗವಿಲ್ಲದ ಕೋಣೆಗಳ ಜಾಲರಿ ಮುಚ್ಚಿದರೆ ಉಳಿತಾಯವೆಂದು ನಮ್ಮ ಮಿತವ್ಯಯದ ಬುದ್ಧಿ ಹೇಳುತ್ತದೆ. ಇಲ್ಲಿ ಅದು ಸಲ್ಲದು. ಪಂಖ ಅಟ್ಟುವ ಗಾಳಿಗೆ ದಾರಿ ಕಡಿಮೆಯಾಗಿ ನಾಳದೊಳಗೆ ಒತ್ತಡ ಏರುತ್ತದೆ, ಸೋರಿಕೆ ಹೆಚ್ಚುತ್ತದೆ. ಫಿಲ್ಟರಿನ ವಿಷಯದಲ್ಲಿಯೂ ಇಂಥದೇ ಒಂದು ಅತಿ ಇದೆ. ಸೂಕ್ಷ್ಮವಾದಷ್ಟೂ ಒಳ್ಳೆಯದೆಂದು ಬಹಳ ದಟ್ಟವಾದದ್ದನ್ನು ತೆಳ್ಳನೆಯ ಚೌಕಟ್ಟಿಗೆ ತುರುಕಿದರೆ ಯಂತ್ರಕ್ಕೆ ಉಸಿರು ಕಟ್ಟುತ್ತದೆ. ಸುರುಳಿ ಕೊಳವೆಗಳ ಮೇಲೆ ಹಿಮ ಕಟ್ಟಿ ತಂಪೇ ನಿಂತುಹೋಗಬಹುದು. ತಯಾರಕರು ಹೇಳಿದ ದರ್ಜೆಯದನ್ನು ಹಾಕಿ, ಒಂದರಿಂದ ಮೂರು ತಿಂಗಳಿಗೊಮ್ಮೆ ಬದಲಿಸುವುದು ವಿಹಿತ. ದಿನವೂ ಒಗ್ಗರಣೆ ಚಟಗುಟ್ಟುವ ಮನೆಯಲ್ಲಿ ಇನ್ನೂ ಬೇಗ. ಅಲ್ಲಿನ ಅನೇಕ ಅಡಿಗೆಮನೆಗಳಲ್ಲಿ ಒಲೆಯ ಮೇಲಿನ ಪಂಖ ಹೊಗೆಯನ್ನು ಹೊರಗೆ ಕಳುಹಿಸದೆ ಸೋಸಿ ಕೋಣೆಗೇ ಬಿಡುತ್ತದೆ. ಎಣ್ಣೆಯ ಜಿಡ್ಡು ಹೋಗಿ ಯಂತ್ರದ ಸುರುಳಿಗೆ ಅಂಟುತ್ತದೆ.

ನಾಳ ತೊಳೆಯುವ ವ್ಯಾಪಾರದ ಬಗ್ಗೆ ಒಂದು ಮಾತು. ಇಡೀ ಮನೆಯ ನಾಳಗಳನ್ನು ನಂಬಲಾಗದಷ್ಟು ಅಗ್ಗಕ್ಕೆ ಶುಚಿಮಾಡಿಕೊಡುತ್ತೇವೆ, ಕಾಯಿಲೆಗಳು ಓಡಿಹೋಗುತ್ತವೆ ಎಂಬ ಜಾಹೀರಾತುಗಳು ಅಲ್ಲಿನ ಅಂಚೆಪೆಟ್ಟಿಗೆಗಳಲ್ಲಿ ಬಂದು ಬೀಳುತ್ತವೆ. ಬಂದವನು ಅರ್ಧ ಗಂಟೆ ಗಾಳಿ ಊದಿ, ಬೂಷ್ಟಿನ ಹೆದರಿಕೆ ಹುಟ್ಟಿಸಿ, ಬೆಲೆಯನ್ನು ನಾಲ್ಕು ಪಟ್ಟು ಏರಿಸಿ ಹೊರಡುವುದುಂಟು. ಅಮೆರಿಕದ ಪರಿಸರ ರಕ್ಷಣಾ ಸಂಸ್ಥೆ ಈ ಕುರಿತು ಜನರಿಗೆಂದೇ ಪುಸ್ತಿಕೆ ಹೊರಡಿಸಿದೆ. ನಾಳ ಶುಚಿಮಾಡುವುದರಿಂದ ಕಾಯಿಲೆ ತಪ್ಪುತ್ತದೆಂದು ಸಿದ್ಧಪಟ್ಟಿಲ್ಲ. ಕಣ್ಣಿಗೆ ಕಾಣುವಷ್ಟು ಬೂಷ್ಟು ಬೆಳೆದಿದ್ದರೆ, ಇಲಿ ಹುಳುಗಳು ಸೇರಿದ್ದರೆ, ಧೂಳು ತುಂಬಿ ಜಾಲರಿಯಿಂದ ಉದುರುತ್ತಿದ್ದರೆ ಮಾತ್ರ ಮಾಡಿಸಿ ಎಂಬುದು ಅದರ ಅಭಿಪ್ರಾಯ. ತೊಳೆಸುವುದಕ್ಕೆ ಇಟ್ಟ ಹಣವನ್ನು ಸೋರಿಕೆ ಮುಚ್ಚಿಸಲು ಕೊಡುವವನು ಜಾಣ.

ಕೊನೆಯದಾಗಿ ನೀರಿನ ಸಂಗತಿ. ಗಾಳಿಯನ್ನು ತಂಪುಮಾಡುವಾಗ ಅದರ ತೇವ ನೀರಾಗಿ ಇಳಿಯುತ್ತದೆ. ಹ್ಯೂಸ್ಟನ್ನಿನಂಥ ತೇವದ ಊರಿನಲ್ಲಿ ದಿನಕ್ಕೆ ಕೊಡಗಟ್ಟಲೆ. ಅದು ಒಂದು ಸಣ್ಣ ಕೊಳವೆಯಲ್ಲಿ ಹೊರಗೆ ಹೋಗಬೇಕು. ಪಾಚಿ ಕಟ್ಟಿ ಆ ಕೊಳವೆ ಮುಚ್ಚಿದರೆ ನೀರು ಚಾವಣಿಯನ್ನು ನೆನೆಸಿ ಹಜಾರದ ಮೇಲೆ ಇಳಿಯುತ್ತದೆ. ತಿಂಗಳಿಗೊಮ್ಮೆ ಒಂದು ಲೋಟ ವಿನಿಗರನ್ನು ಹೊಯ್ದರೆ ಪಾಚಿ ಹಿಡಿಯದು. ಯಂತ್ರದ ಕೆಳಗೆ ಆಪತ್ತಿಗೆಂದು ಎರಡನೆಯದೊಂದು ತಟ್ಟೆಯೂ ಅದಕ್ಕೆ ಬೇರೆ ಕೊಳವೆಯೂ ಇರುತ್ತವೆ. ಆ ಕೊಳವೆಯ ಬಾಯನ್ನು ಬಡಗಿಗಳು ಬೇಕೆಂದೇ ಒಂದು ಕಿಟಕಿಯ ನೆತ್ತಿಗೆ ತಂದು ಬಿಟ್ಟಿರುತ್ತಾರೆ, ಮನೆಯವರ ಕಣ್ಣಿಗೆ ಬೀಳಲೆಂದು. ಮಳೆಯಿಲ್ಲದ ದಿನ ಕಿಟಕಿಯ ಮುಂದೆ ತೊಟತೊಟ ನೀರು ಬೀಳುತ್ತಿದ್ದರೆ, ಅದನ್ನು ನೋಡಿದವರು ಅಜ್ಜಿಯಾಗಲಿ ಮೊಮ್ಮಗುವಾಗಲಿ, ಕೂಡಲೆ ಮನೆಯವರಿಗೆ ಹೇಳಬೇಕು. ಅವರು ಯಂತ್ರವನ್ನು ನಿಲ್ಲಿಸಿ ರಿಪೇರಿಯವನನ್ನು ಕರೆಸಬೇಕು.