ಆಪ್ತವಾಕ್ಯವೂ ಅಂತರ್ಜಾಲವೂ

ಪೌರಧರ್ಮವು ಹುಟ್ಟಿನೊಡನೆ ಬರುವುದಲ್ಲ, ಶಿಕ್ಷಣದಿಂದ ಬರತಕ್ಕದ್ದು. ಬೀದಿಯಲ್ಲಿ ನಡೆಯುವವನು ಎದುರಿಗೆ ಬರುವವರಿಗೆ ದಾರಿ ಬಿಡುವುದನ್ನೂ ಊರಿನ ಕೆರೆಬಾವಿಗಳನ್ನು ಕೆಡಿಸದಿರುವುದನ್ನೂ ಹಿರಿಯರಿಂದ ಕಲಿಯುವಂತೆಯೇ, ಅಂತರ್ಜಾಲದಲ್ಲಿ ವ್ಯವಹರಿಸುವವನೂ ಅಲ್ಲಿಯ ಧರ್ಮವನ್ನು ಯಾರಿಂದಲಾದರೂ ಕಲಿಯಬೇಕಾಗಿದೆ. ಇದನ್ನೇ ಈಗ ಡಿಜಿಟಲ್ ಪೌರತ್ವವೆಂದು ಕರೆಯುವುದುಂಟು. ಈ ಹೆಸರಿನಲ್ಲಿ ಬಾಲಕರಿಗೆ ಸಾಮಾನ್ಯವಾಗಿ ದೊರೆಯುವುದು ನಿಷೇಧಗಳ ಬೋಧನೆ: ಪಾಸ್‌ವರ್ಡನ್ನು ಯಾರಿಗೂ ಹೇಳಬೇಡ, ಅಪರಿಚಿತರೊಡನೆ ಸಂಭಾಷಿಸಬೇಡ, ಬಹಳ ಹೊತ್ತು ಮೊಬೈಲನ್ನು ನೋಡಬೇಡ. ಇವೆಲ್ಲವೂ ಬೇಕಾದುವೇ. ಆದರೆ ಇವು ವಿದ್ಯಾರ್ಥಿಯನ್ನು ಇತರರಿಂದ ಕಾಪಾಡುವ ನಿಯಮಗಳೇ ಹೊರತು, ಅವನಿಂದ ಇತರರನ್ನು ಕಾಪಾಡುವ ನಿಯಮಗಳಲ್ಲ. ಪೌರನೆಂಬ ಶಬ್ದಕ್ಕೆ ಅರ್ಥ ಬರುವುದು ಎರಡನೆಯದರಿಂದ. ಪರರ ಮಾತನ್ನು ನಂಬುವಾಗಲೂ ಅದನ್ನು ಮುಂದಕ್ಕೆ ಸಾಗಿಸುವಾಗಲೂ ಅನುಸರಿಸತಕ್ಕ ಕ್ರಮವೇ ಈ ಶಿಕ್ಷಣದ ತಿರುಳೆಂಬುದನ್ನೂ, ಆ ಕ್ರಮವನ್ನು ಕಲಿಸುವುದಕ್ಕೆ ನಮ್ಮ ನ್ಯಾಯಶಾಸ್ತ್ರವು ಇಂದಿಗೂ ನೆರವಾಗಬಲ್ಲುದೆಂಬುದನ್ನೂ ಪ್ರಕೃತ ಲೇಖನದಲ್ಲಿ ನಿರೂಪಿಸಲು ಉದ್ದೇಶಿಸಿದೆ.

೧

ಈ ವಿಷಯವು ಕೇವಲ ಶಾಲೆಯ ಶಿಸ್ತಿಗೆ ಸಂಬಂಧಿಸಿದುದಲ್ಲವೆಂಬುದಕ್ಕೆ ಕರ್ಣಾಟಕದಲ್ಲಿಯೇ ನಡೆದ ಎರಡು ಸಂಗತಿಗಳು ಸಾಕ್ಷಿಯಾಗಿವೆ. ೨೦೧೨ನೆಯ ಇಸವಿಯ ಜುಲೈ ತಿಂಗಳಲ್ಲಿ ಅಸ್ಸಾಮಿನ ಕೊಕ್ರಝಾರ್ ಪ್ರದೇಶದಲ್ಲಿ ದೊಂಬಿಗಳಾದುವು. ತರುವಾಯ, ಬೆಂಗಳೂರಿನಲ್ಲಿ ನೆಲಸಿದ್ದ ಈಶಾನ್ಯ ರಾಜ್ಯಗಳ ಜನರ ಮೇಲೆ ಆಕ್ರಮಣ ನಡೆಯಲಿದೆಯೆಂಬ ವದಂತಿಯು ಮೊಬೈಲ್ ಸಂದೇಶಗಳ ಮೂಲಕ ಹಬ್ಬಿತು. ಆಗಸ್ಟ್ ತಿಂಗಳ ನಡುವೆ ಕೆಲವೇ ದಿನಗಳಲ್ಲಿ ವಿದ್ಯಾರ್ಥಿಗಳೂ ಕೆಲಸಗಾರರೂ ಸಾವಿರಗಟ್ಟಲೆಯಾಗಿ ಗುವಾಹಟಿಯ ರೈಲುಗಳನ್ನು ಹತ್ತಿದರು. ರೈಲ್ವೆಯವರು ವಿಶೇಷ ಗಾಡಿಗಳನ್ನು ಓಡಿಸಬೇಕಾಯಿತು. ಕೇಂದ್ರ ಸರ್ಕಾರವು ಒಂದೇ ಬಾರಿಗೆ ಐದಕ್ಕಿಂತ ಹೆಚ್ಚು ಮಂದಿಗೆ ಸಂದೇಶ ಕಳುಹಿಸುವುದನ್ನು ೧೫ ದಿನಗಳ ಅವಧಿಗೆ ನಿಷೇಧಿಸಿತು. ಅದೇ ದಿನಗಳಲ್ಲಿ ಬೌದ್ಧ ಭಿಕ್ಷುಗಳು ಶವಗಳ ರಾಶಿಯ ನಡುವೆ ನಿಂತಿರುವ ಚಿತ್ರವೊಂದು, ಬರ್ಮಾ ದೇಶದಲ್ಲಿ ನಡೆದ ಹತ್ಯೆಯ ಚಿತ್ರವೆಂಬ ಹೆಸರಿನಿಂದ ಸಂಚರಿಸುತ್ತಿದ್ದಿತು. ವಾಸ್ತವವಾಗಿ ಅದು ೨೦೧೦ರಲ್ಲಿ ಟಿಬೆಟಿಯನರು ವಾಸಿಸುವ ಯೂಷು ಪ್ರದೇಶದಲ್ಲಿ ಆದ ಭೂಕಂಪದ ಚಿತ್ರ. ಭಿಕ್ಷುಗಳು ಅಲ್ಲಿಗೆ ಬಂದಿದ್ದುದು ಸತ್ತವರಿಗೆ ಅಂತ್ಯಕ್ರಿಯೆ ನಡೆಸುವುದಕ್ಕಾಗಿ.

ಎರಡನೆಯದು ಇನ್ನೂ ದಾರುಣವಾದುದು. ೨೦೧೮ನೆಯ ಇಸವಿಯಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ದೇಶದ ಅನೇಕ ಭಾಗಗಳಲ್ಲಿ ವಾಟ್ಸಾಪಿನ ಮೂಲಕ ಹರಡಿತು. ಅದರೊಡನೆ ಸಂಚರಿಸಿದ ಚಲಚ್ಚಿತ್ರವೊಂದರಲ್ಲಿ, ಬೈಸಿಕಲ್ ಮೋಟಾರಿನ ಮೇಲೆ ಬಂದವರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವುದು ಕಾಣುತ್ತಿದ್ದಿತು. ಮಕ್ಕಳ ಬಗೆಗೆ ಎಚ್ಚರಿಕೆಯಿಂದಿರಬೇಕೆಂದು ಜನರಿಗೆ ತಿಳಿಸುವುದಕ್ಕಾಗಿ ಕರಾಚಿಯಲ್ಲಿ ತಯಾರಿಸಿದ್ದ ಚಿತ್ರ ಅದು. ಅವರು ಮಗುವನ್ನು ಹಿಂದಕ್ಕೆ ತಂದುಬಿಟ್ಟು ಎಚ್ಚರಿಕೆಯ ಫಲಕವನ್ನು ತೋರಿಸುವ ಕಡೆಯ ಭಾಗವನ್ನು ಯಾರೋ ಕತ್ತರಿಸಿಹಾಕಿದ್ದರು. ಆ ವರ್ಷ ಜುಲೈ ೧೩ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ, ಹೈದರಾಬಾದಿನಿಂದ ಬಂದಿದ್ದ ಸ್ನೇಹಿತರ ಗುಂಪೊಂದು ಮಕ್ಕಳಿಗೆ ಚಾಕೊಲೇಟು ಹಂಚಿದುದೇ ಸಂಶಯಕ್ಕೆ ಕಾರಣವಾಯಿತು. ಅವರ ಚಿತ್ರ ವಾಟ್ಸಾಪಿನಲ್ಲಿ ಅವರಿಗಿಂತ ಮುಂಚೆಯೇ ಮುಂದಿನ ಊರನ್ನು ಮುಟ್ಟಿತು. ಅಲ್ಲಿ ಕಾದಿದ್ದ ಜನರು ಅವರನ್ನು ಹೊಡೆದರು. ಒಬ್ಬ ತರುಣನು ಮೃತನಾದನು, ಉಳಿದವರು ಗಾಯಗೊಂಡರು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಇಂತಹ ಸಂದೇಶಗಳನ್ನು ಮೊದಲು ರಚಿಸಿದವರಲ್ಲಿ ದುರುದ್ದೇಶವಿದ್ದಿರಬಹುದು. ಆದರೆ ಅವುಗಳನ್ನು ಮನೆಮನೆಗೂ ಮುಟ್ಟಿಸಿದವರಲ್ಲಿ ಬಹುಮಂದಿ ತಮ್ಮವರ ಕ್ಷೇಮವನ್ನು ಬಯಸಿದ ತಂದೆತಾಯಿಗಳು, ಅಣ್ಣತಮ್ಮಂದಿರು, ಸಹಪಾಠಿಗಳು. ಆದಕಾರಣ ಸುಳ್ಳು ಹೇಳಬಾರದೆಂಬ ಬೋಧನೆಯೊಂದರಿಂದಲೇ ಈ ಕೇಡು ನಿಲ್ಲುವಂತಿಲ್ಲ. ಅವರಾರೂ ತಾವು ಸುಳ್ಳು ಹೇಳುತ್ತಿರುವೆವೆಂದು ಭಾವಿಸಿದವರಲ್ಲ.

೨

ನ್ಯಾಯದರ್ಶನದಲ್ಲಿ ಪ್ರಮಾಣಗಳು ನಾಲ್ಕು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಶಬ್ದವೆಂದರೆ ಪರರ ಮಾತಿನಿಂದ ಬರುವ ಜ್ಞಾನ. ಆದರೆ ಗೌತಮನು ಎಲ್ಲರ ಮಾತನ್ನೂ ಪ್ರಮಾಣವೆಂದು ಹೇಳಲಿಲ್ಲ. ಆಪ್ತನ ಉಪದೇಶವನ್ನು ಮಾತ್ರ ಹೇಳಿದನು. ಆಪ್ತನು ಯಾರೆಂಬುದನ್ನು ಭಾಷ್ಯಕಾರನಾದ ವಾತ್ಸ್ಯಾಯನನು ವಿವರಿಸಿದ್ದಾನೆ. ವಿಷಯವನ್ನು ತಾನಾಗಿ ಸಾಕ್ಷಾತ್ತಾಗಿ ಅರಿತಿರಬೇಕು, ಮತ್ತು ಅರಿತುದನ್ನು ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನಾಗಿರಬೇಕು. ಒಂದು ಜ್ಞಾನದ ಲಕ್ಷಣ, ಮತ್ತೊಂದು ಶೀಲದ ಲಕ್ಷಣ. ಎರಡೂ ಕೂಡಿದಲ್ಲಿ ಮಾತ್ರ ಆಪ್ತತ್ವ. ಇದಕ್ಕೆ ಕುಲದೇಶಗಳ ಭೇದವಿಲ್ಲವೆಂಬುದನ್ನೂ ಭಾಷ್ಯಕಾರನು ಸ್ಪಷ್ಟಪಡಿಸಿದ್ದಾನೆ.

ಕನ್ನಡದಲ್ಲಿ ಈ ಶಬ್ದಕ್ಕೆ ಬೇರೊಂದು ಅರ್ಥ ರೂಢಿಯಾಗಿದೆ. ಆಪ್ತರೆಂದರೆ ನಮಗೆ ನಂಟರು, ಸ್ನೇಹಿತರು, ಮನಸ್ಸಿಗೆ ಹತ್ತಿರವಾದವರು. ವದಂತಿಯ ಬಲವೆಲ್ಲವೂ ಈ ಎರಡು ಅರ್ಥಗಳ ಸಂಕರದಲ್ಲಿ ಅಡಗಿದೆಯೆಂದರೆ ತಪ್ಪಾಗಲಾರದು. ಸೋದರಮಾವನು ಕಳುಹಿಸಿದ ಸಂದೇಶವನ್ನು ನಾವು ನಂಬುವುದು, ಅವನು ರೂಢಿಯ ಅರ್ಥದಲ್ಲಿ ಆಪ್ತನಾಗಿರುವುದರಿಂದ. ಶಾಸ್ತ್ರದ ಅರ್ಥದಲ್ಲಿ ಅವನು ಅರ್ಧ ಆಪ್ತನು ಮಾತ್ರ: ಹಿತವನ್ನು ಬಯಸುವ ಶೀಲವುಂಟು, ಆ ವಿಷಯದ ಸಾಕ್ಷಾತ್ ಜ್ಞಾನವಿಲ್ಲ. ಜ್ಞಾನವಿಲ್ಲದ ಹಿತೈಷಿಗಳ ಸರಪಳಿಯು ಎಷ್ಟು ಉದ್ದವಾದರೂ, ಅದರ ತುದಿಯಲ್ಲಿ ಜ್ಞಾನವು ಉತ್ಪನ್ನವಾಗುವುದಿಲ್ಲ. ವಾಟ್ಸಾಪ್ ಸಂಸ್ಥೆಯವರು ೨೦೧೮ರ ಜುಲೈಯಲ್ಲಿ, ಪರರಿಂದ ಬಂದು ಮುಂದೆ ಸಾಗಿದ ಸಂದೇಶಗಳಿಗೆ ಗುರುತು ಹಾಕುವ ಪದ್ಧತಿಯನ್ನು ತಂದರು. ಭಾರತದಲ್ಲಿ ಅಂತಹ ಸಂದೇಶವನ್ನು ಒಂದು ಬಾರಿಗೆ ಐದು ಕಡೆಗೆ ಮಾತ್ರ ಕಳುಹಿಸಬಹುದೆಂದು ಮಿತಿಗೊಳಿಸಿದರು. ೨೦೨೦ರ ಏಪ್ರಿಲ್‌ನಲ್ಲಿ, ಬಹಳ ಬಾರಿ ಸಾಗಿಬಂದ ಸಂದೇಶಕ್ಕೆ ಆ ಮಿತಿಯನ್ನು ಒಂದಕ್ಕೆ ಇಳಿಸಿದರು. ಆ ಗುರುತಿನ ಅರ್ಥವನ್ನು ವಿದ್ಯಾರ್ಥಿಗೆ ಹೀಗೆ ಬಿಡಿಸಿ ಹೇಳಬಹುದು: ಇದನ್ನು ಕಳುಹಿಸಿದವನು ಇದನ್ನು ಹೇಳಿದವನಲ್ಲ, ಹೇಳಿದವನನ್ನು ನೀನು ಇನ್ನೂ ಕಂಡಿಲ್ಲ.

ಚಿತ್ರಗಳ ವಿಷಯದಲ್ಲಿಯೂ ಇದೇ ವಿವೇಕ ಅವಶ್ಯಕ. ಕಣ್ಣಾರೆ ಕಂಡೆನೆಂದು ಹೇಳುವ ಬಾಲಕನು ಮೊಬೈಲಿನ ಚಿತ್ರವನ್ನು ಪ್ರತ್ಯಕ್ಷವೆಂದು ಎಣಿಸುತ್ತಾನೆ. ಅವನಿಗೆ ಪ್ರತ್ಯಕ್ಷವಾದುದು ಗಾಜಿನ ಮೇಲಿನ ಬಣ್ಣಗಳು ಮಾತ್ರ. ಆ ಚಿತ್ರ ಯಾವ ಊರಿನದು, ಯಾವ ದಿನದ್ದು ಎಂಬುದು ಯಾರೋ ಹೇಳಿದ ಮಾತು. ಯೂಷುವಿನ ಚಿತ್ರ ಸುಳ್ಳಾಗಿರಲಿಲ್ಲ, ಅದರ ಕೆಳಗಿನ ಬರಹ ಸುಳ್ಳಾಗಿದ್ದಿತು. ಈಗಲಂತೂ ನಡೆಯದ ಘಟನೆಯ ಚಿತ್ರವನ್ನೂ ಆಡದ ಮಾತಿನ ಧ್ವನಿಯನ್ನೂ ಯಂತ್ರಗಳೇ ನಿರ್ಮಿಸಬಲ್ಲುವಾದುದರಿಂದ, ಚಿತ್ರವನ್ನು ಶಬ್ದಪ್ರಮಾಣದ ವರ್ಗಕ್ಕೆ ಸೇರಿಸಿ ಅದನ್ನು ಹೇಳಿದವರು ಯಾರೆಂದು ಕೇಳುವುದೇ ಕ್ಷೇಮವಾದ ಮಾರ್ಗ.

೩

ಇಂತಹ ಪರೀಕ್ಷೆ ವಿದ್ಯಾವಂತರಿಗೆ ತಾನಾಗಿಯೇ ಬರುವುದೆಂದು ತಿಳಿಯುವುದೂ ಸರಿಯಲ್ಲ. ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಅವರು ೨೦೧೭ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ ೧೦ ಮಂದಿ ಇತಿಹಾಸಜ್ಞರನ್ನೂ, ಸುದ್ದಿಯ ಸತ್ಯಾಸತ್ಯಗಳನ್ನು ಪರೀಕ್ಷಿಸುವುದೇ ವೃತ್ತಿಯಾಗಿದ್ದ ೧೦ ಮಂದಿಯನ್ನೂ, ಆ ವಿಶ್ವವಿದ್ಯಾನಿಲಯದ ೨೫ ಮಂದಿ ವಿದ್ಯಾರ್ಥಿಗಳನ್ನೂ ಪರೀಕ್ಷಿಸಿದರು. ಒಂದೇ ಬಗೆಯ ಹೆಸರುಳ್ಳ ಎರಡು ಮಕ್ಕಳ ವೈದ್ಯರ ಸಂಘಗಳ ಪುಟಗಳನ್ನು ತೋರಿಸಿ, ಯಾವುದು ಹೆಚ್ಚು ವಿಶ್ವಾಸಾರ್ಹವೆಂದು ಕೇಳಲಾಯಿತು. ಒಂದು ೧೯೩೦ರಲ್ಲಿ ಸ್ಥಾಪಿತವಾದ ಬಹುದೊಡ್ಡ ವೃತ್ತಿಸಂಘ. ಇನ್ನೊಂದು ಅದರಿಂದ ಭಿನ್ನಾಭಿಪ್ರಾಯದಿಂದ ಒಡೆದು ೨೦೦೨ರಲ್ಲಿ ಹುಟ್ಟಿದ ಸಣ್ಣ ಗುಂಪು. ವೃತ್ತಿಪರೀಕ್ಷಕರೆಲ್ಲರೂ ಈ ಭೇದವನ್ನು ಬೇಗನೆ ಗ್ರಹಿಸಿದರು. ಇತಿಹಾಸಜ್ಞರಲ್ಲಿ ಸುಮಾರು ಅರ್ಧದಷ್ಟು ಮಂದಿಯೂ, ವಿದ್ಯಾರ್ಥಿಗಳಲ್ಲಿ ಬಹುಮಂದಿಯೂ ಗ್ರಹಿಸದೆಹೋದರು.

ಇದಕ್ಕೆ ಕಾರಣವು ವಿಚಾರಾರ್ಹವಾದುದು. ವಿದ್ಯಾರ್ಥಿಗಳು ತಾವು ಶಾಲೆಯಲ್ಲಿ ಕಲಿತಂತೆಯೇ ಓದಿದರು: ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಶ್ರದ್ಧೆಯಿಂದ ನೋಡಿ, ಭಾಷೆ ಶುದ್ಧವಾಗಿದೆಯೆ, ಲಾಂಛನವಿದೆಯೆ, ಆಧಾರಗಳ ಪಟ್ಟಿಯಿದೆಯೆ ಎಂದು ಪರಿಶೀಲಿಸಿದರು. ಮೋಸಗಾರನು ಅಲಂಕರಿಸುವುದೂ ಇವುಗಳನ್ನೇ. ವೃತ್ತಿಪರೀಕ್ಷಕರಾದರೋ ಪುಟವನ್ನು ಹೆಚ್ಚಾಗಿ ಓದಲೇ ಇಲ್ಲ. ಕೂಡಲೆ ಅದನ್ನು ಬಿಟ್ಟು ಹೊರಕ್ಕೆ ಹೋಗಿ, ಈ ಸಂಸ್ಥೆಯ ವಿಷಯದಲ್ಲಿ ಇತರರು ಏನು ಹೇಳುತ್ತಾರೆಂದು ಹುಡುಕಿ, ಬಳಿಕ ಹಿಂದಿರುಗಿದರು. ಇದನ್ನು ನಾವು ಪಾರ್ಶ್ವವಾಚನವೆಂದು ಕರೆಯಬಹುದು. ವಾಕ್ಯವನ್ನು ಪರೀಕ್ಷಿಸುವುದಕ್ಕೆ ಮೊದಲು ವಕ್ತೃವನ್ನು ಪರೀಕ್ಷಿಸುವ ಈ ಕ್ರಮವು ಆಪ್ತಪರೀಕ್ಷೆಯಲ್ಲದೆ ಮತ್ತೇನೂ ಅಲ್ಲ. ಗ್ರಂಥವನ್ನು ಆಮೂಲಾಗ್ರವಾಗಿ ಓದುವ ಅಭ್ಯಾಸವು ಶ್ರೇಷ್ಠವಾದುದೇ. ಆದರೆ ಅದು ಸಲ್ಲುವುದು ಆಪ್ತನೆಂದು ನಿಶ್ಚಯವಾದವನ ಗ್ರಂಥಕ್ಕೆ.

೪

ಕೇರಳದ ಕಣ್ಣೂರು ಜಿಲ್ಲೆಯಲ್ಲಿ ೨೦೧೮ರಲ್ಲಿ, ಆಗ ಜಿಲ್ಲಾಧಿಕಾರಿಗಳಾಗಿದ್ದ ಮೀರ್ ಮುಹಮ್ಮದ್ ಅಲಿಯವರು ಸುಮಾರು ೧೫೦ ಸರ್ಕಾರಿ ಶಾಲೆಗಳಲ್ಲಿ 'ಸತ್ಯಮೇವ ಜಯತೇ' ಎಂಬ ಹೆಸರಿನ ಪಾಠಗಳನ್ನು ಏರ್ಪಡಿಸಿದರು. ದಡಾರ ಮತ್ತು ರುಬೆಲ್ಲಾ ರೋಗಗಳ ಲಸಿಕೆಯ ವಿರುದ್ಧ ಹಬ್ಬಿದ ಸುಳ್ಳು ಸಂದೇಶಗಳಿಂದ ತಂದೆತಾಯಿಗಳು ಹಿಂಜರಿದುದು ಈ ಪ್ರಯತ್ನಕ್ಕೆ ಒಂದು ಪ್ರೇರಣೆಯಾಗಿದ್ದಿತು. ಮಕ್ಕಳಿಗೆ ಕಲಿಸಿದರೆ ಮನೆಗೆ ಕಲಿಸಿದಂತಾಗುವುದೆಂಬುದೇ ಅದರ ಮರ್ಮ. ನಮ್ಮ ಗ್ರಾಮಗಳಲ್ಲಿಯೂ, ಸಂದೇಶವನ್ನು ಪರೀಕ್ಷಿಸಬಲ್ಲವರು ಮನೆಯಲ್ಲಿ ಶಾಲೆಗೆ ಹೋಗುವ ಮಗುವೊಂದೇ ಆಗಿರುವುದು ಅಪೂರ್ವವಲ್ಲ.

ಇದಕ್ಕೆ ಹೆಚ್ಚಿನ ಸಾಮಗ್ರಿ ಬೇಕಾಗಿಲ್ಲ. ಅಧ್ಯಾಪಕರು ಹಳೆಯ ಸಂದೇಶವೊಂದನ್ನು ಕರಿಹಲಗೆಯ ಮೇಲೆ ಬರೆದು ಮೂರು ಪ್ರಶ್ನೆಗಳನ್ನು ಹಾಕಿದರೆ ಸಾಕು. ಇದನ್ನು ಮೊದಲು ಹೇಳಿದವರು ಯಾರು? ಅವರಿಗೆ ಇದು ತಿಳಿದುದು ಹೇಗೆ? ಅವರನ್ನು ಬಲ್ಲ ಇತರರು ಏನನ್ನುತ್ತಾರೆ? ಉತ್ತರ ದೊರೆಯದಿದ್ದಲ್ಲಿ ಸಂದೇಶವು ಸುಳ್ಳೆಂದು ಸಿದ್ಧವಾಗುವುದಿಲ್ಲ. ಅದನ್ನು ಮುಂದಕ್ಕೆ ಕಳುಹಿಸಲು ನನಗೆ ಅಧಿಕಾರವಿಲ್ಲವೆಂದು ಮಾತ್ರ ಸಿದ್ಧವಾಗುತ್ತದೆ. ಈ ಸೂಕ್ಷ್ಮವನ್ನು ಬಿಟ್ಟು ಎಲ್ಲವನ್ನೂ ಸಂಶಯಿಸಲು ಕಲಿಸಿದರೆ, ಬಾಲಕನು ವೈದ್ಯನ ಮಾತನ್ನೂ ವದಂತಿಯನ್ನೂ ಒಂದೇ ತಕ್ಕಡಿಯಲ್ಲಿಟ್ಟಾನು. ನೈಯಾಯಿಕರ ಹದಿನಾರು ಪದಾರ್ಥಗಳಲ್ಲಿ ಸಂಶಯವೂ ಒಂದು, ನಿರ್ಣಯವೂ ಒಂದು. ಮೊದಲನೆಯದು ಎರಡನೆಯದಕ್ಕೆ ಸೋಪಾನವೇ ಹೊರತು ನೆಲೆಯಲ್ಲ. ಅದೇ ಪಟ್ಟಿಯಲ್ಲಿ ತತ್ತ್ವನಿಶ್ಚಯಕ್ಕಾಗಿ ನಡೆಯುವ ವಾದ, ಗೆಲವಿಗಾಗಿ ನಡೆಯುವ ಜಲ್ಪ, ತನ್ನದೆಂಬ ಪಕ್ಷವಿಲ್ಲದೆ ಪರಪಕ್ಷವನ್ನು ಮುರಿಯುವ ವಿತಂಡೆ ಎಂಬ ವಿಭಾಗವೂ ಇದೆ. ಅಂತರ್ಜಾಲದಲ್ಲಿ ತಾನು ತೊಡಗಿರುವ ಚರ್ಚೆ ಈ ಮೂರರಲ್ಲಿ ಯಾವುದೆಂದು ಗುರುತಿಸಬಲ್ಲ ವಿದ್ಯಾರ್ಥಿಯು ಅನೇಕ ಕಲಹಗಳಿಂದ ತಾನಾಗಿಯೇ ಹಿಂದೆಗೆಯುವನು.

ಹಿರಿಯರನ್ನು ತಿದ್ದುವ ಸಂದರ್ಭಕ್ಕೂ ಶಿಕ್ಷಣ ಬೇಕು. ಅಜ್ಜನು ಕಳುಹಿಸಿದುದು ಸುಳ್ಳೆಂದು ಹತ್ತು ಜನರ ಮುಂದೆ ಹೇಳುವುದಕ್ಕಿಂತ, ಅವರಿಗೊಬ್ಬರಿಗೇ ಆಧಾರವನ್ನು ತೋರಿಸಿ, ಇದು ಹೀಗಿರುವಂತೆ ಕಾಣುತ್ತದೆ, ತಾವೇ ನೋಡಬೇಕೆಂದು ವಿನಯದಿಂದ ನಿವೇದಿಸುವುದು ಫಲಕಾರಿ. ಹಿರಿಯರ ಶೀಲವನ್ನು ಶಂಕಿಸದೆ, ಅವರಿಗೆ ಬಂದ ಸುದ್ದಿಯನ್ನು ಮಾತ್ರ ಶಂಕಿಸುವುದು ಇಲ್ಲಿಯ ಮರ್ಯಾದೆ.

೫

ಕಡೆಯದಾಗಿ, ಸತ್ಯವಾದುದೆಲ್ಲವೂ ಸಾಗಿಸತಕ್ಕದ್ದಲ್ಲ. ಸಹಪಾಠಿಯ ಚಿತ್ರ, ಅವಳ ಅಂಕಗಳು, ಅವಳು ನಂಬಿಕೆಯಿಂದ ಹೇಳಿದ ಮಾತು, ಇವು ನಿಜವಾದರೂ ಅವಳವು. ಒಬ್ಬರ ಗುಪ್ತಾಂಗಗಳ ಚಿತ್ರವನ್ನು ಅವರ ಸಮ್ಮತಿಯಿಲ್ಲದೆ ತೆಗೆಯುವುದನ್ನೂ ಹರಡುವುದನ್ನೂ ಮಾಹಿತಿ ತಂತ್ರಜ್ಞಾನ ಕಾಯಿದೆಯ ೬೬-ಇ ಪ್ರಕರಣವು ಮೂರು ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಮಾಡಿದೆ. ೨೦೨೩ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯು ೧೮ ವರ್ಷ ತುಂಬದವರೆಲ್ಲರನ್ನೂ ಮಕ್ಕಳೆಂದು ಪರಿಗಣಿಸಿ, ಅವರ ವಿವರಗಳನ್ನು ಬಳಸುವ ಸಂಸ್ಥೆಗಳು ತಂದೆತಾಯಿಗಳ ಸಮ್ಮತಿಯನ್ನು ಪಡೆಯಬೇಕೆಂದು ವಿಧಿಸಿದೆ. ಕಾಯಿದೆಯು ಸಂಸ್ಥೆಗಳಿಂದ ಅಪೇಕ್ಷಿಸುವ ಸಮ್ಮತಿಯನ್ನು, ಒಬ್ಬ ವಿದ್ಯಾರ್ಥಿಯು ಮತ್ತೊಬ್ಬ ವಿದ್ಯಾರ್ಥಿಯಿಂದ ಕೇಳುವಷ್ಟು ಸೌಜನ್ಯವನ್ನು ಶಾಲೆಯು ಬೆಳಸಬೇಕು.

ಮೇಲಿನ ವಿವೇಚನೆಯಿಂದ ಸಿದ್ಧವಾಗುವುದು ಇಷ್ಟು. ಸಂದೇಶವನ್ನು ಮುಂದಕ್ಕೆ ಕಳುಹಿಸುವುದು ಕೇವಲ ಬೆರಳಿನ ಚಲನೆಯಲ್ಲ. ಅದು ನಮ್ಮ ಹೆಸರಿನಿಂದ ಹೇಳುವ ಸಾಕ್ಷಿ. ಪಡೆದವರು ಅದನ್ನು ನಂಬುವುದು ನಮ್ಮ ಮೇಲಿನ ವಿಶ್ವಾಸದಿಂದ. ರೂಢಿಯಲ್ಲಿ ಆಪ್ತರಾದವರು ಶಾಸ್ತ್ರಾರ್ಥದಲ್ಲಿಯೂ ಆಪ್ತರಾಗುವಂತೆ ಮಕ್ಕಳನ್ನು ತಿದ್ದಿದರೆ ಡಿಜಿಟಲ್ ಪೌರಶಿಕ್ಷಣದ ಬಹುಭಾಗ ನೆರವೇರಿದಂತಾಯಿತು. ಯಂತ್ರಗಳ ಮಿತಿಗಳೂ ಸರ್ಕಾರದ ನಿಷೇಧಗಳೂ ವದಂತಿಯ ವೇಗವನ್ನು ತಗ್ಗಿಸಬಲ್ಲುವು. ಅದನ್ನು ತನ್ನಲ್ಲಿಯೇ ನಿಲ್ಲಿಸುವ ಶಕ್ತಿಯಿರುವುದು ಪಡೆದವನ ವಿವೇಕಕ್ಕೆ ಮಾತ್ರ.