ಏಳದ ಕಂಪ್ಯೂಟರನ್ನು ಎಬ್ಬಿಸುವ ತಟ್ಟೆ



ನಮ್ಮ ಕಡೆ ಕಂಪ್ಯೂಟರ್ ಕೆಟ್ಟರೆ ಮೊದಲು ಕೇಳಿಬರುವ ಮಾತು "ಫಾರ್ಮ್ಯಾಟ್ ಮಾಡಬೇಕು" ಎಂಬುದು. ಫಾರ್ಮ್ಯಾಟ್ ಮಾಡುವುದೆಂದರೆ ಸ್ಲೇಟು ಒರೆಸಿ ಹೊಸದಾಗಿ ಬರೆದ ಹಾಗೆ. ಅಲ್ಲಿದ್ದ ಲೆಕ್ಕ, ಪತ್ರ, ಮದುವೆ ಫೋಟೋ ಎಲ್ಲ ಹೋಗುತ್ತದೆ. ಒರೆಸುವ ಮೊದಲು ಮಾಡಿ ನೋಡಬಹುದಾದ ಒಂದು ಕೆಲಸ ಉಂಟು. ಅದಕ್ಕೆ ಬೇಕಾದ ಸಾಧನದ ಹೆಸರು ಲೈವ್ ಡಿಸ್ಕ್. ಅದು ಏನು, ಹೇಗೆ ಕೆಲಸ ಮಾಡುತ್ತದೆ ಎಂದು ನನಗೆ ತಿಳಿದಷ್ಟು ಬರೆಯುತ್ತೇನೆ.

ಕಂಪ್ಯೂಟರ್ ಏಳುವುದು ಹೇಗೆ?

ಸ್ವಿಚ್ ಒತ್ತಿದ ಕೂಡಲೇ ವಿಂಡೋಸ್ ಏಳುವುದಿಲ್ಲ. ಮೊದಲು ಒಳಗಿನ ಮುಖ್ಯ ಹಲಗೆಯ ಮೇಲಿರುವ ಒಂದು ಸಣ್ಣ ಪ್ರೋಗ್ರಾಂ ಏಳುತ್ತದೆ. ಹಳೆಯ ಯಂತ್ರಗಳಲ್ಲಿ ಅದಕ್ಕೆ ಬಯಾಸ್ ಎಂದು ಹೆಸರು, ಹೊಸತರಲ್ಲಿ ಯುಇಎಫ್ಐ. ಅದು ಮೆಮೊರಿ, ಕೀಲಿಮಣೆ ಎಲ್ಲ ಸರಿ ಉಂಟೋ ಎಂದು ನೋಡುತ್ತದೆ. ಆಮೇಲೆ "ಮುಂದಿನ ಕೆಲಸ ಯಾರಿಗೆ ಒಪ್ಪಿಸಲಿ?" ಎಂದು ಡಿಸ್ಕ್ ಹುಡುಕುತ್ತದೆ. ಸಾಮಾನ್ಯವಾಗಿ ಸಿಗುವುದು ಹಾರ್ಡ್ ಡಿಸ್ಕ್. ವಿಂಡೋಸ್ ಇರುವುದು ಅದರಲ್ಲೇ.

ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುವುದು ನಮಗೆಲ್ಲ ಗೊತ್ತು. ಕಂಪ್ಯೂಟರ್ ಏನೋ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ವಿಂಡೋಸಿನ ಒಂದೆರಡು ಕಡತ ಕೆಡಬಹುದು. ಆಗ ಯಂತ್ರ ಏಳುವುದಿಲ್ಲ. ಆದರೆ ನಮ್ಮ ಕಡತಗಳು ಹೆಚ್ಚಿನ ಸಲ ಹಾರ್ಡ್ ಡಿಸ್ಕಿನಲ್ಲಿ ಹಾಗೆಯೇ ಇರುತ್ತವೆ. ಬಾಗಿಲಿನ ಬೀಗ ಕೆಟ್ಟರೆ ಒಳಗಿನ ಅಕ್ಕಿ ಹಾಳಾಗುತ್ತದಾ? ಹಾಗೆಯೇ ಇದೂ.

ಮೇಳ ಬಂದ ಹಾಗೆ

ನಮ್ಮ ಊರಿನ ಗದ್ದೆಗೆ ಮಂದಾರ್ತಿ ಮೇಳವೋ ಮಾರಣಕಟ್ಟೆ ಮೇಳವೋ ಬರುವುದನ್ನು ನೋಡಿದ್ದೀರಲ್ಲ? ಕೊಯ್ಲಾದ ಗದ್ದೆಯಲ್ಲಿ ಏನೂ ಇರುವುದಿಲ್ಲ. ರಂಗಸ್ಥಳದ ಸಾಮಾನು, ವೇಷದ ಪೆಟ್ಟಿಗೆ, ಚೆಂಡೆ, ಮದ್ದಲೆ ಎಲ್ಲ ಮೇಳದವರೇ ತರುತ್ತಾರೆ. ಆಟ ಮುಗಿದ ಮೇಲೆ ಎಲ್ಲ ಕಟ್ಟಿಕೊಂಡು ಹೋಗುತ್ತಾರೆ. ಗದ್ದೆ ಮೊದಲಿನ ಹಾಗೇ ಇರುತ್ತದೆ.

ಲೈವ್ ಡಿಸ್ಕ್ ಹೀಗೇ. ಒಂದು ಸಿ.ಡಿ.ಯಲ್ಲೋ ಪೆನ್ ಡ್ರೈವಿನಲ್ಲೋ ಕಂಪ್ಯೂಟರ್ ನಡೆಸಲು ಬೇಕಾದ ಎಲ್ಲವೂ ಇರುತ್ತದೆ. ಅದನ್ನು ಹಾಕಿ, ಸ್ವಿಚ್ ಒತ್ತಿ, ಎಫ್12 ಅಥವಾ ಎಸ್ಕೇಪ್ ಒತ್ತಿ (ಕಂಪೆನಿಗೊಂದು ಕೀಲಿ), "ಇದರಿಂದ ಏಳು" ಎಂದು ಹೇಳಬೇಕು. ಆಗ ಯಂತ್ರ ಹಾರ್ಡ್ ಡಿಸ್ಕನ್ನು ಬಿಟ್ಟು ಇದರಿಂದ ಏಳುತ್ತದೆ. ಕೆಲಸವೆಲ್ಲ ರ‍್ಯಾಮ್ ಎಂಬ ತಾತ್ಕಾಲಿಕ ಮೆಮೊರಿಯಲ್ಲಿ ನಡೆಯುತ್ತದೆ. ರ‍್ಯಾಮೇ ಇಲ್ಲಿ ಗದ್ದೆ. ಸ್ವಿಚ್ ಆಫ್ ಮಾಡಿದರೆ ಅದು ಖಾಲಿ. ನಾವು ಹೇಳದೆ ಹಾರ್ಡ್ ಡಿಸ್ಕಿನಲ್ಲಿ ಏನೂ ಬದಲಾಗುವುದಿಲ್ಲ.

ಯಾರು ಮಾಡಿದ್ದು?

ಜರ್ಮನಿಯ ಕ್ಲಾಸ್ ಕ್ನೋಪರ್ ಎಂಬವರು 2000ನೇ ಇಸವಿಯಲ್ಲಿ ಕ್ನಾಪಿಕ್ಸ್ ಎಂಬ ಲೈವ್ ಸಿ.ಡಿ. ಹೊರತಂದರು. ಲೈವ್ ಸಿ.ಡಿ. ಎಂದರೆ ಏನೆಂದು ಬಹಳ ಜನರಿಗೆ ಗೊತ್ತಾದದ್ದು ಅದರಿಂದ. ಒಂದು ಸಿ.ಡಿ.ಯಲ್ಲಿ ಹಿಡಿಸುವುದು 700 ಎಂ.ಬಿ. ಮಾತ್ರ. ಅವರು ಒತ್ತಿ ತುಂಬುವ ಉಪಾಯ ಮಾಡಿ ಸುಮಾರು 2 ಜಿ.ಬಿ.ಯಷ್ಟು ಸಾಫ್ಟ್‌ವೇರ್ ಹಿಡಿಸಿದರು. ಇದು ಲಿನಕ್ಸ್ ಮೇಲೆ ನಡೆಯುತ್ತದೆ. ಲಿನಕ್ಸ್ ಅನ್ನು ಹಣ ಕೊಡದೆ ಪ್ರತಿ ಮಾಡಬಹುದು, ಬೇರೆಯವರಿಗೂ ಕೊಡಬಹುದು.

ಲಿನಕ್ಸ್ ನಮಗೆ ದೂರದ ವಸ್ತು ಅಂದುಕೊಳ್ಳಬೇಡಿ. ನಮ್ಮ ಕರಾವಳಿಯಲ್ಲೇ ದಕ್ಷಿಣಕ್ಕೆ ಹೋದರೆ ಕಾಸರಗೋಡು. ಅದು ಕೇರಳಕ್ಕೆ ಸೇರಿದ್ದಾದರೂ ಅಲ್ಲಿ ನಮ್ಮ ಹಾಗೆ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳಿದ್ದಾರೆ. ಕೇರಳ ಸರ್ಕಾರ 2001ರಲ್ಲಿ ಐಟಿ@ಸ್ಕೂಲ್ ಎಂಬ ಯೋಜನೆ ಶುರುಮಾಡಿತು. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಅಲ್ಲಿಯ ಸರ್ಕಾರಿ ಶಾಲೆಗಳಿಗೆ ಲಿನಕ್ಸ್ ಆಧಾರದ ವ್ಯವಸ್ಥೆಯನ್ನೇ ಸಿದ್ಧಮಾಡಿ ಕೊಡುತ್ತಾರೆ.

ಪೆಟ್ಟಿಗೆಯಲ್ಲಿ ಏನೇನುಂಟು?

ನೂರಾರು ಕಂಪ್ಯೂಟರುಗಳ ಉಸ್ತುವಾರಿ ನೋಡುವವರಿಗೆ ಸಿಸ್ಟಂ ಅಡ್ಮಿನಿಸ್ಟ್ರೇಟರ್ ಎನ್ನುತ್ತಾರೆ. ಬಡಗಿಗೆ ಉಳಿ ಇದ್ದ ಹಾಗೆ ಅವರಿಗೆ ಈ ಡಿಸ್ಕ್. ಸಿಸ್ಟಂರೆಸ್ಕ್ಯೂ ಎಂಬುದು ಅವರಿಗಾಗಿಯೇ ಮಾಡಿದ ಒಂದು ಲೈವ್ ಡಿಸ್ಕ್. ಅವರು ಬಳಸುವ ಕೆಲವು ಉಪಕರಣಗಳು ಇವು:

1. ಜಿಪಾರ್ಟೆಡ್: ಡಿಸ್ಕನ್ನು ಭಾಗ ಮಾಡುತ್ತದೆ. ಗದ್ದೆಗೆ ಅಂಚು ಹಾಕಿದ ಹಾಗೆ.
2. ಮೆಮ್‌ಟೆಸ್ಟ್: ರ‍್ಯಾಮ್ ಕೆಟ್ಟಿದೆಯೋ ಎಂದು ಪರೀಕ್ಷಿಸುತ್ತದೆ.
3. ಟೆಸ್ಟ್‌ಡಿಸ್ಕ್, ಫೋಟೋರೆಕ್: ಅಳಿಸಿಹೋದ ಭಾಗ ಮತ್ತು ಕಡತಗಳನ್ನು ಹುಡುಕುತ್ತವೆ.
4. ಡಿಡಿರೆಸ್ಕ್ಯೂ: ಸಾಯುತ್ತಿರುವ ಡಿಸ್ಕಿನಿಂದ ಪ್ರತಿ ತೆಗೆಯುತ್ತದೆ. ಮೊದಲು ಸುಲಭವಾಗಿ ಓದಲು ಬರುವ ಭಾಗ, ಕೊನೆಗೆ ಕಷ್ಟದ ಭಾಗ.
5. ಕ್ಲೋನ್‌ಜಿಲ್ಲಾ: ಇದು ತಾನೇ ಒಂದು ಲೈವ್ ಡಿಸ್ಕ್. ಒಂದು ಕಂಪ್ಯೂಟರಿನಲ್ಲಿ ಇರುವುದನ್ನು ಪೂರ್ತಿ ಇನ್ನೊಂದಕ್ಕೆ ಇಳಿಸುತ್ತದೆ.

ನಾನು ಕಂಡದ್ದು

ಕಳೆದ ಮಳೆಗಾಲ ನಮ್ಮ ಚಿಕ್ಕಮ್ಮನ ಮನೆಯ ಕಂಪ್ಯೂಟರ್ ಏಳಲಿಲ್ಲ. ಅದರಲ್ಲಿ ಅವರ ಸ್ವಸಹಾಯ ಸಂಘದ ನಾಲ್ಕು ವರ್ಷದ ಉಳಿತಾಯ, ಸಾಲದ ಲೆಕ್ಕ ಇತ್ತು. ರಿಪೇರಿಯವರು ಫಾರ್ಮ್ಯಾಟ್ ಬಿಟ್ಟು ಬೇರೆ ದಾರಿ ಇಲ್ಲ ಎಂದರು. ಚಿಕ್ಕಮ್ಮನಿಗೆ ಎರಡು ದಿನ ಊಟ ಸೇರಲಿಲ್ಲ. ಯಾಕೆಂದರೆ ಹಣ ಅವರೊಬ್ಬರದ್ದಲ್ಲ, ಇಡೀ ಸಂಘದ್ದು. ಆಮೇಲೆ ಕಂಪ್ಯೂಟರ್ ಕೆಲಸದಲ್ಲಿರುವ ನಮ್ಮ ಮಾವ ಬಂದರು. "ಪೂರಾ ಹೋಯ್ತ್ ಅಂದ್ಕಂಡ್ ಹೆದ್ರಬೇಡಿ, ಮೊದ್ಲ್ ಕಾಂಬ" ಎಂದು ಪೆನ್ ಡ್ರೈವ್ ಹಾಕಿದರು. ಐದು ನಿಮಿಷದಲ್ಲಿ ಪರದೆ ಬೆಳಗಿತು. ಸಂಘದ ಕಡತಗಳು ಎಲ್ಲ ಇದ್ದವು! ಅವನ್ನು ಇನ್ನೊಂದು ಪೆನ್ ಡ್ರೈವಿಗೆ ಹಾಕಿಕೊಂಡ ಮೇಲೆಯೇ ವಿಂಡೋಸ್ ಹೊಸತಾಗಿ ಹಾಕಿದ್ದು.

ಆಗದ ಕೆಲಸಗಳೂ ಉಂಟು

ಸಿಡಿಲಿಗೆ ಹಲಗೆಯೇ ಸುಟ್ಟರೆ, ಡಿಸ್ಕ್ ಒಳಗೆ ಮುರಿದರೆ ಲೈವ್ ಡಿಸ್ಕಿನಿಂದ ಸರಿಯಾಗುವುದಿಲ್ಲ. ಬಿಟ್‌ಲಾಕರ್ ಎಂಬ ಗುಪ್ತಲಿಪಿ ಹಾಕಿದ್ದರೆ ಅದರ ರಿಕವರಿ ಕೀ ಬೇಕೇ ಬೇಕು. ಅದನ್ನು ಬರೆದಿಟ್ಟುಕೊಳ್ಳಿ.

ಇನ್ನೊಂದು ಮಾತು. ಗುಪ್ತಲಿಪಿ ಇಲ್ಲದಿದ್ದರೆ ವಿಂಡೋಸಿನ ಪಾಸ್‌ವರ್ಡ್ ಕೇಳದೆಯೇ ಲೈವ್ ಡಿಸ್ಕ್ ಕಡತ ತೋರಿಸುತ್ತದೆ. ನಮ್ಮದನ್ನು ಉಳಿಸುವ ಸಾಧನ ಇನ್ನೊಬ್ಬರದ್ದನ್ನು ಕದಿಯಲಿಕ್ಕೂ ಆಗುತ್ತದೆ. ಆದ್ದರಿಂದ ಯಜಮಾನರ ಒಪ್ಪಿಗೆ ಇಲ್ಲದೆ ಯಾರ ಕಂಪ್ಯೂಟರಿಗೂ ಹಾಕಬಾರದು.

ಈಗಿನ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಸಿ.ಡಿ. ಹಾಕುವ ಜಾಗವೇ ಇಲ್ಲ. ಹಾಗಾಗಿ ರೂಫಸ್ ಅಥವಾ ವೆಂಟಾಯ್ ಎಂಬ ಉಚಿತ ಸಾಫ್ಟ್‌ವೇರ್ ಬಳಸಿ ಪೆನ್ ಡ್ರೈವಿನಲ್ಲೇ ತಯಾರಿಸುತ್ತಾರೆ. ತಯಾರಿಸುವಾಗ ಆ ಪೆನ್ ಡ್ರೈವಿನಲ್ಲಿ ಇದ್ದದ್ದು ಅಳಿಸಿಹೋಗುತ್ತದೆ, ಜಾಗ್ರತೆ. ಕಂಪ್ಯೂಟರ್ ಸರಿ ಇರುವಾಗಲೇ ಇದನ್ನು ಮಾಡಿಟ್ಟುಕೊಳ್ಳಬೇಕು.

ನಿಮ್ಮ ಮನೆಯಲ್ಲಿ ಯಾರಾದರೂ ಕಂಪ್ಯೂಟರನ್ನು ರಿಪೇರಿಗೆ ಒಯ್ಯುವಾಗ ಈ ಒಂದು ಮಾತು ಹೇಳಿಕಳುಹಿಸಿ: "ಒರೆಸುವ ಮೊದಲು ಲೈವ್ ಡಿಸ್ಕ್ ಹಾಕಿ, ಕಡತ ತೆಗೆದುಕೊಡಿ."

– ಏಳನೇ ತರಗತಿ